ಪಂಪ್ ಬಿಚ್ಚಿಸುವ ಮೊದಲು ಟ್ಯಾಂಕ್ ನೋಡಿ

ಬೆಳಿಗ್ಗೆ ಗಾಡಿ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಅರ್ಧ ಗಂಟೆ, ಮುಕ್ಕಾಲು ಗಂಟೆ ಮಣ್ಣು ತೆಗೆಯುವಾಗ ಯಾವ ತಕರಾರೂ ಇಲ್ಲ. ಆಮೇಲೆ ಬಕೆಟ್ ನೆಲಕ್ಕೆ ಊರಿದರೆ ಸಾಕು, ಎಂಜಿನ್ ಸದ್ದು ಇಳಿಯುತ್ತದೆ. ಆಕ್ಸಿಲರೇಟರ್ ಪೂರ್ತಿ ಕೊಟ್ಟರೂ ಏಳುವುದಿಲ್ಲ. ಆಪರೇಟರ್ ಆಫ್ ಮಾಡಿ ಟೀ ಕುಡಿದು ಬಂದು ಮತ್ತೆ ಸ್ಟಾರ್ಟ್ ಮಾಡಿದರೆ ಮೊದಲಿನ ಹಾಗೆಯೇ ಓಡುತ್ತದೆ. ಊರ ಕಡೆ ಮಿನಿ ಹಿಟಾಚಿ ಎನ್ನುವ ಸಣ್ಣ ಎಕ್ಸ್‌ಕವೇಟರ್, ಸಣ್ಣ ಬ್ಯಾಕ್‌ಹೋ, ಸ್ಕಿಡ್ ಸ್ಟಿಯರ್, ಬೇಬಿ ರೋಲರ್ ಇಟ್ಟುಕೊಂಡು ಗಂಟೆ ಲೆಕ್ಕದ ಬಾಡಿಗೆಗೆ ಓಡಿಸುವವರಿಗೆಲ್ಲ ಈ ಕಾಟ ಗೊತ್ತು.

ಇದಕ್ಕೆ ಬಹಳಷ್ಟು ಮಾಲೀಕರು ಮಾಡುವ ಮದ್ದು ಮಾತ್ರ ತಪ್ಪು. "ಬಿಸಿಯಾದ್ರೆ ಪಂಪ್ ಕೈಕೊಡ್ತಿದೆ" ಎಂದು ಇಂಜೆಕ್ಷನ್ ಪಂಪ್ ಇಳಿಸಿ ಕ್ಯಾಲಿಬರೇಷನ್‌ಗೆ ಕಳಿಸುತ್ತಾರೆ. ಜೊತೆಗೆ ನಾಝಲ್‌ಗಳೂ ಬದಲಾಗುತ್ತವೆ. ದುಡ್ಡಿನ ಜೊತೆ ಅಷ್ಟು ದಿನದ ಬಾಡಿಗೆಯೂ ಹೋಗುತ್ತದೆ. ಗಾಡಿ ಸೈಟಿಗೆ ವಾಪಸ್ ಬಂದರೆ ಅದೇ ಕಥೆ. ಪಂಪ್ ಸವೆಯುವುದೇ ಇಲ್ಲ ಎಂದು ಹೇಳುತ್ತಿಲ್ಲ. ಆದರೆ ಸವೆದ ಪಂಪ್ ಸಾಮಾನ್ಯವಾಗಿ ಎಂಜಿನ್ ಬಿಸಿ ಇರುವಾಗ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಹತ್ತು ನಿಮಿಷ ನಿಲ್ಲಿಸಿದ ಮಾತ್ರಕ್ಕೆ ಸರಾಗವಾಗಿ ಸ್ಟಾರ್ಟ್ ಆಗಿ ದುಡಿಯುವ ಗಾಡಿಯ ದೋಷ ಹೆಚ್ಚಾಗಿ ಪಂಪಿಗೆ ಡೀಸೆಲ್ ಬರುವ ದಾರಿಯಲ್ಲಿರುತ್ತದೆ.

ದಾರಿ ಇಷ್ಟೇ: ಟ್ಯಾಂಕ್, ಸಕ್ಷನ್ ಪೈಪ್, ನೀರು ಹಿಡಿಯುವ ಬೌಲ್, ಫೀಡ್ ಪಂಪ್, ಫಿಲ್ಟರ್, ಇಂಜೆಕ್ಷನ್ ಪಂಪ್, ನಾಝಲ್. ಮಿಕ್ಕಿದ ಡೀಸೆಲ್ ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ಮರಳುತ್ತದೆ. ಕೆಲವು ಗಾಡಿಗಳಲ್ಲಿ ಕ್ರಮ ಅಲ್ಪಸ್ವಲ್ಪ ಬೇರೆ ಇರಬಹುದು. ಫೀಡ್ ಪಂಪಿನ ತನಕ ಡೀಸೆಲ್ ಬರುವುದು ಎಳೆತದಿಂದ ಎಂಬುದನ್ನು ನೆನಪಿಟ್ಟುಕೊಳ್ಳಿ.

ಕೀ ಆಫ್ ಮಾಡಬೇಡಿ

ಶಕ್ತಿ ಕುಗ್ಗಿದ ಆ ಹೊತ್ತಿನಲ್ಲೇ ನೋಡಬೇಕು. ಆಫ್ ಮಾಡಿದ ಕೂಡಲೇ ಎಳೆತ ನಿಂತು ದೋಷವೂ ಮರೆಯಾಗುತ್ತದೆ. ಮೆಕ್ಯಾನಿಕ್ ಬರುವ ಹೊತ್ತಿಗೆ ಗಾಡಿ ಚೆನ್ನಾಗಿಯೇ ಓಡುತ್ತಿರುತ್ತದೆ. ಬಕೆಟ್ ನೆಲಕ್ಕಿಳಿಸಿ, ಲಿವರ್ ಲಾಕ್ ಹಾಕಿ, ಸೀಟಿನಲ್ಲಿ ಒಬ್ಬರನ್ನು ಕೂರಿಸಿ ಇನ್ನೊಬ್ಬರು ನೋಡಿ.

ಮೊದಲು ಸೈಲೆನ್ಸರ್ ಕಡೆ ಕಣ್ಣಿಡಿ. ಕಪ್ಪು ಹೊಗೆ ಉಗುಳುತ್ತಾ ಕುಗ್ಗಿದರೆ ಡೀಸೆಲ್ ಬರುತ್ತಿದೆ, ಗಾಳಿ ಸಾಲುತ್ತಿಲ್ಲ: ಏರ್ ಫಿಲ್ಟರ್ ನೋಡಿ, ಟರ್ಬೊ ಇದ್ದರೆ ಅದರ ಹೋಸ್ ನೋಡಿ. ಹೊಗೆ ತೆಳುವಾಗುತ್ತಾ ಎಂಜಿನ್ ಸೊರಗಿದರೆ ಡೀಸೆಲ್ ಸಾಲುತ್ತಿಲ್ಲ. ಆರ್‌ಪಿಎಂ ಇಳಿಯದೆ ಬಕೆಟ್ ಮಾತ್ರ ಸೋತರೆ ಅದು ಹೈಡ್ರಾಲಿಕ್ ಕಡೆಯ ವಿಷಯ, ಇಲ್ಲಿ ಅದನ್ನು ಹೇಳುತ್ತಿಲ್ಲ.

ಡೀಸೆಲ್ ಕೊರತೆ ಎಂದು ಕಂಡರೆ ಟ್ಯಾಂಕಿನ ಮುಚ್ಚಳ ಸಡಿಲಿಸಿ. ಸುಯ್ ಎಂದು ಗಾಳಿ ಒಳಗೆಳೆದುಕೊಂಡು ಎಂಜಿನ್ ಒಂದೆರಡು ನಿಮಿಷದಲ್ಲಿ ಚೇತರಿಸಿಕೊಂಡರೆ ಕೆಲಸ ಅಲ್ಲಿಗೇ ಮುಗಿಯಿತು. ಡೀಸೆಲ್ ಖಾಲಿಯಾದಷ್ಟೂ ಟ್ಯಾಂಕಿನೊಳಗೆ ಗಾಳಿ ಹೋಗಬೇಕು. ಅದಕ್ಕಾಗಿ ಮುಚ್ಚಳದಲ್ಲೋ ಟ್ಯಾಂಕಿನ ಮೇಲೋ ಇರುವ ಸಣ್ಣ ದಾರಿ ಧೂಳು, ಗ್ರೀಸ್ ಮೆತ್ತಿ ಮುಚ್ಚಿಹೋಗಿದೆ. ಅದನ್ನು ತೊಳೆದು ಊದಿ ಹಾಕಿ, ಇಲ್ಲವೇ ಅದೇ ಮಾಡೆಲ್ಲಿನ ಮುಚ್ಚಳ ತನ್ನಿ. ಡ್ರಿಲ್ ಹಿಡಿದು ತೂತು ಕೊರೆಯಬೇಡಿ. ಮಳೆನೀರು, ಎಂ-ಸ್ಯಾಂಡ್ ಪುಡಿ ಎಲ್ಲ ಅದೇ ತೂತಿನಲ್ಲಿ ಇಳಿಯುತ್ತವೆ. ಕಳೆದುಹೋದ ಮುಚ್ಚಳದ ಜಾಗಕ್ಕೆ ಪ್ಲಾಸ್ಟಿಕ್ ಕವರ್ ಇಟ್ಟು ಟ್ಯೂಬಿನ ಪಟ್ಟಿ ಬಿಗಿದವರು ಇವತ್ತೇ ಅದನ್ನು ಬಿಚ್ಚಲಿ.

ಕ್ಯಾನ್ ಕಟ್ಟಿ ಓಡಿಸಿ

ಮುಚ್ಚಳದಿಂದ ಬಗೆಹರಿಯದಿದ್ದರೆ ಮುಂದಿನ ಪರೀಕ್ಷೆಗೆ ಬೇಕಾದದ್ದು ಒಂದು ಶುಭ್ರವಾದ ಕ್ಯಾನ್, ಸೋಸಿದ ಡೀಸೆಲ್, ಎರಡು ಹೋಸ್. ಎಂಜಿನ್ ಆಫ್ ಮಾಡಿ ಟ್ಯಾಂಕಿನ ಸಕ್ಷನ್ ಮತ್ತು ರಿಟರ್ನ್ ಪೈಪ್ ಎರಡನ್ನೂ ಕಳಚಿ, ಅವುಗಳ ಜಾಗಕ್ಕೆ ಈ ಎರಡು ಹೋಸ್ ಹಾಕಿ ಕ್ಯಾನಿಗೆ ಇಳಿಬಿಡಿ. ಏರ್ ತೆಗೆದು ಸ್ಟಾರ್ಟ್ ಮಾಡಿ. ಕ್ಯಾನ್ ಸೈಲೆನ್ಸರ್‌ನಿಂದ ದೂರವಿರಲಿ, ಅಲುಗದಂತೆ ಬಿಗಿದಿರಲಿ, ಟ್ಯಾಂಕಿನ ಮಟ್ಟದಲ್ಲೇ ಇರಲಿ. ಕ್ಯಾಬಿನ್ ಮೇಲಿಟ್ಟರೆ ಡೀಸೆಲ್ ತಾನಾಗಿ ಇಳಿದು ಬಂದು, ಸೋತ ಫೀಡ್ ಪಂಪ್ ಕೂಡ ಚೆನ್ನಾಗಿದ್ದಂತೆ ಕಾಣುತ್ತದೆ.

ಈಗ ಎಂದಿನಂತೆ ಕೆಲಸ ಮಾಡಿಸಿ. ಮಾಮೂಲಿ ಎಷ್ಟು ಹೊತ್ತಿಗೆ ಕುಗ್ಗುತ್ತಿತ್ತೋ ಅದರ ಎರಡರಷ್ಟು ಹೊತ್ತು ಓಡಲಿ. ಕುಗ್ಗದಿದ್ದರೆ ದೋಷ ಟ್ಯಾಂಕಿನಲ್ಲಿದೆ ಅಥವಾ ಕಳಚಿಟ್ಟ ಪೈಪಿನಲ್ಲಿದೆ, ಪಂಪಿನಲ್ಲಿಲ್ಲ. ಈ ಪರೀಕ್ಷೆ ಮಾಡದೆ ಪಂಪ್ ಇಳಿಸಲು ಹೇಳುವ ಮೆಕ್ಯಾನಿಕ್ ಮಾತಿಗೆ ಒಪ್ಪಬೇಡಿ.

ಟ್ಯಾಂಕಿನೊಳಗಿನ ಕಸ

ಎಳನೀರು ಕುಡಿಯುವಾಗ ಸ್ಟ್ರಾ ತುದಿಗೆ ಗಂಜಿ ಅಂಟಿದರೆ ಏನಾಗುತ್ತದೋ ಟ್ಯಾಂಕಿನಲ್ಲೂ ಅದೇ ಆಗುವುದು. ಕಸದ ಚೂರು ಎಳೆತಕ್ಕೆ ಸಿಕ್ಕಿ ಸಕ್ಷನ್ ಪೈಪಿನ ಬಾಯಿಗೆ ಬಂದು ಅಂಟುತ್ತದೆ, ಎಂಜಿನ್ ಸೊರಗುತ್ತದೆ. ನಿಲ್ಲಿಸಿದರೆ ಬಿಟ್ಟುಕೊಂಡು ತಳಕ್ಕಿಳಿಯುತ್ತದೆ. ಫಿಲ್ಟರ್ ಇರುವುದು ಇದರ ಆಚೆ. ಹಾಗಾಗಿ ಎಷ್ಟು ಸಲ ಫಿಲ್ಟರ್ ಬದಲಿಸಿದರೂ ಪ್ರಯೋಜನವಿಲ್ಲ.

ಆ ಚೂರು ಎಲ್ಲಿಂದ ಬಂತು? ಟ್ಯಾಂಕಿನ ಬಾಯಲ್ಲಿ ಕಂಪನಿ ಕೊಟ್ಟ ಜಾಲರಿ ಇರುತ್ತದೆ. ಕ್ಯಾನಿನಿಂದ ಸುರಿಯುವಾಗ ಡೀಸೆಲ್ ನಿಧಾನ ಇಳಿಯುತ್ತದೆ ಎಂದು ಆಪರೇಟರ್‌ಗಳು ಅದನ್ನು ಕಿತ್ತು ಟೂಲ್ ಬಾಕ್ಸಿಗೆ ಹಾಕುತ್ತಾರೆ. ಇದು ನನಗೆ ಬಹಳ ಸಿಟ್ಟು ತರಿಸುವ ವಿಷಯ. ಐದು ನಿಮಿಷ ಉಳಿಸಲು ಹೋಗಿ ಗಾಡಿಯನ್ನೇ ಮಲಗಿಸುತ್ತಾರೆ. ಟ್ಯಾಂಕ್ ತೊಳೆದಾಗ ಸಿಗುವುದನ್ನು ಒಮ್ಮೆ ಬಿಳಿ ಬಟ್ಟೆಯ ಮೇಲೆ ಹರಡಿ ನೋಡಿ: ಕ್ಯಾನ್ ಮುಚ್ಚಳದ ಒಳಗಿನ ಬಿಲ್ಲೆ, ಬಿಲ್ಲಿನ ಚೀಟಿಯ ತುಂಡು, ಎಲೆ, ವೇಸ್ಟ್ ಬಟ್ಟೆಯ ನೂಲು, ಯಾರೋ ಜಾಯಿಂಟಿಗೆ ಮೆತ್ತಿದ ಸಿಲಿಕಾನ್ ಸಿಪ್ಪೆ, ಥ್ರೆಡ್ಡಿಗೆ ಸುತ್ತಿದ ಬಿಳಿ ಟೇಪಿನ ಎಳೆ. ಡೀಸೆಲ್ ಜಾಯಿಂಟಿಗೆ ನಲ್ಲಿ ಟೇಪ್ ಸುತ್ತಲೇಬಾರದು. ಅದಕ್ಕೆ ತಾಮ್ರದ ವಾಷರ್ ಇದೆ.

ಸಕ್ಷನ್ ಪೈಪಿಗೆ ಕಂಪ್ರೆಸರ್ ಗಾಳಿ ಹೊಡೆದರೆ ಕಸ ಟ್ಯಾಂಕಿಗೇ ವಾಪಸ್ ಹೋಗುತ್ತದೆ, ನಾಳೆ ಮತ್ತೆ ಬರುತ್ತದೆ. ಸೈಟಿನಿಂದ ಮನೆ ಸೇರಲು ಆ ಉಪಾಯ ಸಾಕು, ಅದೂ ಮುಚ್ಚಳ ತೆಗೆದಿಟ್ಟು ಮಾತ್ರ. ಸರಿಯಾದ ಕೆಲಸವೆಂದರೆ ರಾತ್ರಿ ಗಾಡಿ ಸಮತಟ್ಟಿನಲ್ಲಿ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ತಳದ ಡ್ರೈನ್ ಪ್ಲಗ್ ಬಿಚ್ಚುವುದು. ರಾತ್ರಿಯಿಡೀ ತಳಕ್ಕಿಳಿದ ನೀರು, ಕೆಸರು ಮೊದಲು ಬರುತ್ತದೆ. ಪೂರ್ತಿ ಬಸಿದು, ಪಿಕಪ್ ಪೈಪ್ ಕಳಚಿ, ಡೀಸೆಲ್ಲಿನಲ್ಲೇ ಟ್ಯಾಂಕ್ ತೊಳೆಯಿರಿ, ಪೆಟ್ರೋಲ್ ಬೇಡ. ತಗಡಿನ ಟ್ಯಾಂಕ್ ಒಳಗೆ ತುಕ್ಕು ಹಿಡಿದು ಸಿಪ್ಪೆ ಏಳುತ್ತಿದ್ದರೆ ಬದಲಿಸುವುದೇ ಲೇಸು.

ಮಲೆನಾಡು, ಕೊಡಗಿನ ತೋಟಗಳಲ್ಲಿ ಬಯಲಲ್ಲಿ ನೆಟ್ಟಗೆ ನಿಲ್ಲಿಸಿದ ಡ್ರಮ್ಮಿನಿಂದ ಡೀಸೆಲ್ ಹಾಕುವವರು ಇನ್ನೊಂದು ಗಮನಿಸಿ. ಹಗಲ ಬಿಸಿಲಿಗೆ ಡ್ರಮ್ ಕಾದು, ಮಳೆಗೆ ತಣ್ಣಗಾದಾಗ ಮೇಲೆ ನಿಂತ ನೀರನ್ನು ಮುಚ್ಚಳದ ಥ್ರೆಡ್ಡಿನ ಸಂದಿಯಿಂದ ಒಳಗೆಳೆದುಕೊಳ್ಳುತ್ತದೆ. ಡ್ರಮ್ ಸೂರಿನಡಿ ಇರಲಿ. ಕೈಪಂಪಿನ ಪೈಪ್ ತಳ ಮುಟ್ಟದಿರಲಿ. ಸಂಜೆ ಟ್ಯಾಂಕ್ ತುಂಬಿಸಿಟ್ಟರೆ ಒಳಗೆ ಇಬ್ಬನಿ ಕಟ್ಟುವುದೂ ಕಡಿಮೆ.

ಗಾಳಿ ಎಳೆಯುತ್ತಿದೆಯೇ?

ಟ್ಯಾಂಕ್ ಶುಭ್ರವಾಗಿದ್ದೂ ಕುಗ್ಗಿದರೆ ಸಕ್ಷನ್ ಹೋಸ್ ಅನುಮಾನಿಸಿ. ಬಿರುಕುಬಿಟ್ಟ ಹೋಸ್ ಹೊರಗೆ ಒಂದು ಹನಿ ಸೋರದೆಯೂ ಗಾಳಿ ಎಳೆದುಕೊಳ್ಳುತ್ತದೆ. ಫೀಡ್ ಪಂಪಿನ ಹಿಂದೆ ಗೇಣುದ್ದ ಪಾರದರ್ಶಕ ಹೋಸ್ ಹಾಕಿ ಓಡಿಸಿ. ಏರ್ ತೆಗೆದ ಹೊಸದರಲ್ಲಿ ಒಂದೆರಡು ಗುಳ್ಳೆ ಸಹಜ. ಬರುತ್ತಲೇ ಇದ್ದರೆ ಹೋಸ್, ಕ್ಲಿಪ್, ವಾಷರ್ ಬದಲಿಸಿ. ಕೆಲವು ಫೀಡ್ ಪಂಪಿಗೆ ಡೀಸೆಲ್ ಬರುವ ಬೋಲ್ಟಿನೊಳಗೇ ಬೆರಳ ತುದಿಯಷ್ಟು ಜಾಲರಿ ಇರುತ್ತದೆ. ಅದನ್ನು ಬಿಚ್ಚಿ ನೋಡುವವರೇ ಕಡಿಮೆ.

ಹೊಸ ಫಿಲ್ಟರಿಗೆ ಕ್ಯಾನಿನ ಡೀಸೆಲ್ ನೇರ ಸುರಿದು ಹಾಕಬೇಡಿ. ಪ್ರೈಮರ್ ಒತ್ತಿಯೇ ತುಂಬಿಸಿ.

ಕ್ಯಾನ್ ಕಟ್ಟಿದಾಗಲೂ ಕುಗ್ಗಿದರೆ ಮಾತ್ರ ಫೀಡ್ ಪಂಪ್, ಫಿಲ್ಟರ್, ಆಮೇಲೆ ಇಂಜೆಕ್ಷನ್ ಪಂಪ್. ಪಂಪಿನ ಸೀಲ್ ಒಡೆದು ಡೀಸೆಲ್ ಜಾಸ್ತಿ ಮಾಡಿಸಬೇಡಿ. ಎಂಜಿನ್ ಸೊರಗದೆ ಪಟ್ಟನೆ ನಿಂತರೆ ಸ್ಟಾಪ್ ಸಾಲಿನಾಯ್ಡ್‌ನ ವೈರ್, ಫ್ಯೂಸ್, ಅರ್ತ್ ನೋಡಿ. 2025ರ ಜನವರಿಯಿಂದ ಜಾರಿಯಾದ ಹಂತ 5ರ ಹೊಗೆ ನಿಯಮಕ್ಕೆ ತಕ್ಕಂತೆ ಬಂದ ಅನೇಕ ಗಾಡಿಗಳಲ್ಲಿ ಕಂಪ್ಯೂಟರೇ ಶಕ್ತಿ ತಗ್ಗಿಸುತ್ತದೆ. ಮೀಟರಿನಲ್ಲಿ ಬಂದ ಕೋಡ್ ಫೋಟೊ ತೆಗೆದು ಸರ್ವಿಸ್‌ನವರಿಗೆ ತೋರಿಸಿ. ಕಾಮನ್ ರೈಲ್ ಎಂಜಿನ್ ಓಡುವಾಗ ನಾಝಲ್ ಪೈಪ್ ಸಡಿಲಿಸಲೇಬೇಡಿ, ಒಳಗಿನ ಒತ್ತಡ 1,000 ಬಾರ್ ದಾಟಬಹುದು. ಸೋರಿಕೆ ಹುಡುಕಲು ಕೈ ಬಳಸಬೇಡಿ, ರಟ್ಟಿನ ತುಂಡು ಹಿಡಿಯಿರಿ. ಡೀಸೆಲ್ ಚಿಮ್ಮಿ ಚರ್ಮದೊಳಕ್ಕೆ ಹೊಕ್ಕರೆ ಗಾಯ ಸೂಜಿ ಮೊನೆಯಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ.