ಹಲವು ಅಲರ್ಜಿಗಳಿದ್ದರೂ ಮನೆಗೆಲ್ಲ ಒಂದೇ ಅಡುಗೆ

“ಹಾಲು ಬ್ಯಾಡ, ಶೇಂಗಾ ಬ್ಯಾಡ, ಎಳ್ಳು ಬ್ಯಾಡ, ಗೋದಿ ಬ್ಯಾಡ ಅಂದ್ರ ಕೂಸಿಗೆ ಏನ್ ಉಣಸೂಣ್ರಿ ಡಾಕ್ಟ್ರ?”

ಪರೀಕ್ಷೆ ಮುಗಿಸಿ, ಚೀಟಿ ಹಿಡಿದು ನಿಂತ ತಾಯಂದಿರು ಕೇಳುವ ಪ್ರಶ್ನೆ ಇದು. ನಮ್ಮ ಕಡೆಯ ಊಟದಲ್ಲಿ ಮಜ್ಜಿಗೆ ಇಲ್ಲದ ದಿನವಿಲ್ಲ, ಶೇಂಗಾ ಹಿಂಡಿ ಇಲ್ಲದ ರೊಟ್ಟಿಯಿಲ್ಲ. ಆದ್ದರಿಂದ ಅವರ ಚಿಂತೆ ಸಹಜವಾದುದು. ಆದರೆ ಜೋಳ, ನವಣೆ, ರಾಗಿ, ಬೇಳೆ, ಕಾಯಿಪಲ್ಲೆಗಳ ನಾಡಿನಲ್ಲಿ ಇಂತಹ ಮಗುವಿಗೂ ಹೊಟ್ಟೆ ತುಂಬ, ಮನಸ್ಸು ತುಂಬ ಉಣಿಸಲು ಸಾಧ್ಯವಿದೆ. ಅದನ್ನು ಮನೆಯಲ್ಲಿ ಹೇಗೆ ಮಾಡಬೇಕೆಂಬುದೇ ಈ ಪಾಠ. ಮೇಲೆ ಹೇಳಿದ ನಾಲ್ಕು ಅಲರ್ಜಿಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ನಿಮ್ಮ ಮಗುವಿಗೆ ಬೇರೆ ಆಹಾರದ ಅಲರ್ಜಿ ಇದ್ದರೆ ವೈದ್ಯರನ್ನು ಕೇಳಿ ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಿರಿ.

ಅಲರ್ಜಿ ಎಂದರೇನು?

ಹಾಲು ಕುಡಿದಾಗ ಹೊಟ್ಟೆ ಉಬ್ಬರಿಸುವುದು, ಭೇದಿಯಾಗುವುದು ಇವೆಲ್ಲವೂ ಅಲರ್ಜಿಯಲ್ಲ. ಹಾಲಿನ ಸಕ್ಕರೆ ಜೀರ್ಣವಾಗದಿದ್ದರೂ ಹೀಗಾಗುತ್ತದೆ. ಅಲರ್ಜಿಯಲ್ಲಿ ಶರೀರದ ರಕ್ಷಣಾ ವ್ಯವಸ್ಥೆಯು ಆಹಾರದಲ್ಲಿರುವ ಪ್ರೋಟೀನನ್ನು ಶತ್ರುವೆಂದು ತಿಳಿದು ಹೋರಾಟಕ್ಕೆ ನಿಲ್ಲುತ್ತದೆ. ಆದ್ದರಿಂದ ಚಿಟಿಕೆಯಷ್ಟು ಶೇಂಗಾ ಪುಡಿ ಕೂಡ ಕೆಲವರ ಜೀವಕ್ಕೆ ಅಪಾಯ ತರಬಹುದು. “ಸ್ವಲ್ಪ ತಿಂದರೆ ಏನಾಗತೈತಿ?” ಎಂಬ ಮಾತು ಇಲ್ಲಿ ಸಲ್ಲದು. ಶೇಂಗಾ ಹುರಿದರೂ, ಕುದಿಸಿದರೂ ಅದರ ದೋಷ ಹೋಗುವುದಿಲ್ಲ.

ಇನ್ನೊಂದು ಮಾತು. ಯಾರೋ ಹೇಳಿದರೆಂದು ಮಗುವಿನ ತಟ್ಟೆಯಿಂದ ಒಂದೊಂದೇ ಪದಾರ್ಥವನ್ನು ತೆಗೆಯುತ್ತ ಹೋಗಬೇಡಿರಿ. ವೈದ್ಯರು ಖಚಿತಪಡಿಸಿದ್ದನ್ನು ಮಾತ್ರ ಬಿಡಿಸಿರಿ.

ಕಣ್ಣಿಗೆ ಕಾಣದ ಜಾಗಗಳು

ತಾಯಂದಿರು ಬಟ್ಟಲು ಹಾಲನ್ನು ತಪ್ಪಿಸುತ್ತಾರೆ, ಆದರೆ ತುಪ್ಪದ ಒಗ್ಗರಣೆ ಹಾಕುತ್ತಾರೆ. ಇಂತಹ ಜಾಗಗಳನ್ನು ಗುರುತಿಸಿಕೊಳ್ಳಬೇಕು.

1. ತುಪ್ಪ: ಇದರಲ್ಲಿ ಹಾಲಿನ ಪ್ರೋಟೀನಿನ ಅಂಶ ಉಳಿದಿರಬಹುದು. ಆಕಳ ಹಾಲು ಆಗದ ಮಗುವಿಗೆ ಎಮ್ಮೆಯ ಹಾಲು, ಆಡಿನ ಹಾಲು ಸಹ ಸಾಮಾನ್ಯವಾಗಿ ಆಗುವುದಿಲ್ಲ.

2. ಇಂಗು: ಅಂಗಡಿಯ ಇಂಗಿನ ಡಬ್ಬಿಯಲ್ಲಿ ಹೆಚ್ಚಾಗಿ ಗೋಧಿಯ ಹಿಟ್ಟು ಬೆರೆತಿರುತ್ತದೆ.

3. ರವೆ, ಶ್ಯಾವಿಗೆ, ಮೈದಾ: ಇವು ಸಾಮಾನ್ಯವಾಗಿ ಗೋಧಿಯವೇ. ಉಪ್ಪಿಟ್ಟು, ಸಜ್ಜಕ, ಬ್ರೆಡ್, ಬಿಸ್ಕತ್ತು ಎಲ್ಲವೂ ಇದರಲ್ಲಿ ಬಂದವು.

4. ಗಾಣದ ಎಣ್ಣೆ: ಗಾಣದ ಶೇಂಗಾ ಎಣ್ಣೆಯಲ್ಲಿ ಪ್ರೋಟೀನು ಉಳಿದಿರುತ್ತದೆ. ಅದೇ ಗಾಣದಲ್ಲಿ ತೆಗೆದ ಕುಸುಬಿ ಎಣ್ಣೆಗೂ ಅದು ತಗಲುತ್ತದೆ. ಮೊಹರು ಮಾಡಿದ ರಿಫೈನ್ಡ್ ಸೂರ್ಯಕಾಂತಿ ಅಥವಾ ಕುಸುಬಿ ಎಣ್ಣೆ ಬಳಸಿರಿ.

5. ಗಿರಣಿ: ಜೋಳದಲ್ಲಿ ಗೋಧಿಯ ದೋಷವಿಲ್ಲ. ಆದರೆ ಗೋಧಿ ಬೀಸಿದ ಮೇಲೆ ಅದೇ ಗಿರಣಿಯಲ್ಲಿ ಜೋಳ ಹಾಕಿದರೆ ಹಿಟ್ಟು ಬೆರೆಯುತ್ತದೆ. ಗೋಧಿ ಬೀಸದ ಗಿರಣಿ ಸಿಕ್ಕರೆ ಉತ್ತಮ. ಇಲ್ಲವಾದರೆ ಜೋಳವನ್ನು ತೊಳೆದು ಒಣಗಿಸಿ, ಮನೆಯ ಮಿಕ್ಸಿಯಲ್ಲಿ ಬೀಸಿ ಜರಡಿ ಹಿಡಿಯಿರಿ.

6. ಹಬ್ಬದ ತಿನಿಸು: ಸಂಕ್ರಾಂತಿಯ ಎಳ್ಳು-ಬೆಲ್ಲ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪಂಚಮಿಯ ಶೇಂಗಾ ಉಂಡಿ, ಎಳ್ಳುಂಡಿ. ಹಬ್ಬದ ದಿನಗಳಲ್ಲಿ ಮಗು ನೆರೆಮನೆಯಲ್ಲಿ ಆಡುವಾಗ ವಿಶೇಷ ಎಚ್ಚರ ಬೇಕು.

ಪೊಟ್ಟಣದ ಆಹಾರ ಕೊಳ್ಳುವಾಗ ಹಿಂಬದಿಯ ಅಕ್ಷರಗಳನ್ನು ಓದಿರಿ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದಂತೆ ಹಾಲು, ಗೋಧಿ, ಶೇಂಗಾ, ಗೋಡಂಬಿಯಂತಹ ಬೀಜಗಳು, ಸೋಯಾ ಮುಂತಾದವು ಇದ್ದರೆ ಅದನ್ನು ಬರೆಯಲೇಬೇಕು. ಆದರೆ ಆ ನಿಯಮದ ಪಟ್ಟಿಯಲ್ಲಿ ಎಳ್ಳಿನ ಹೆಸರಿಲ್ಲ. ಆದ್ದರಿಂದ ಎಳ್ಳಿನ ಅಲರ್ಜಿ ಇದ್ದವರು ಪದಾರ್ಥಗಳ ಇಡೀ ಪಟ್ಟಿಯನ್ನೇ ಓದಬೇಕು.

ಬೇರೆ ಅಡುಗೆ ಬೇಡ, ಒಂದೇ ಅಡುಗೆ ಇರಲಿ

ಮಗುವಿಗೊಂದು ಅಡುಗೆ, ಮನೆಮಂದಿಗೊಂದು ಅಡುಗೆ ಮಾಡಿದರೆ ಮೂರು ತೊಂದರೆಗಳಿವೆ. ತಾಯಿ ದಣಿಯುತ್ತಾಳೆ. ಒಂದರ ಸೌಟು ಇನ್ನೊಂದಕ್ಕೆ ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಎಲ್ಲರ ತಟ್ಟೆಯಲ್ಲಿ ಒಂದು, ತನ್ನ ತಟ್ಟೆಯಲ್ಲಿ ಇನ್ನೊಂದು ಎಂದು ಮಗು ನೊಂದುಕೊಳ್ಳುತ್ತದೆ. ಆದ್ದರಿಂದ ಒಲೆಯ ಮೇಲಿನ ಅಡುಗೆ ಎಲ್ಲರಿಗೂ ಒಂದೇ ಇರಲಿ. ಮಜ್ಜಿಗೆ, ತುಪ್ಪ ಬೇಕಾದ ಹಿರಿಯರು ಮಗುವಿನ ಊಟವಾದ ಮೇಲೆ ತಮ್ಮ ತಟ್ಟೆಗೆ ಹಾಕಿಕೊಂಡು ಕೈ ತೊಳೆದುಕೊಳ್ಳಲಿ. ಶೇಂಗಾ ಮತ್ತು ಎಳ್ಳನ್ನು ಮನೆಯೊಳಗೆ ತರದಿರುವುದೇ ಲೇಸು.

ಮಿಕ್ಸಿಯ ಒಂದು ಜಾರು, ಒಂದು ಹೆಂಚು, ಒಂದು ಕಟ್ಟಿಗೆಯ ಸೌಟು ಮಗುವಿನ ಅಡುಗೆಗೇ ಮೀಸಲಾಗಿರಲಿ. ಒರಳು ಮತ್ತು ಕಟ್ಟಿಗೆಯ ಸಂದುಗಳಲ್ಲಿ ಉಳಿದ ಪುಡಿ ಸುಲಭವಾಗಿ ಹೋಗುವುದಿಲ್ಲ. ಕೈಗಳನ್ನು ಸಾಬೂನು ಹಚ್ಚಿ ನೀರಿನಲ್ಲಿ ತೊಳೆಯಿರಿ. ಬರೀ ನೀರಾಗಲಿ, ಸ್ಯಾನಿಟೈಸರ್ ಆಗಲಿ ಸಾಲದು.

ನಾಲ್ಕು ಸುಲಭ ಅಡುಗೆಗಳು

ಇವುಗಳಲ್ಲಿ ಹಾಲು, ಗೋಧಿ, ಶೇಂಗಾ, ಎಳ್ಳು ಇಲ್ಲ.

ಜೋಳದ ನುಚ್ಚು ಮತ್ತು ಬೇಳೆ ಸಾರು: 2 ಬಟ್ಟಲು ಜೋಳದ ನುಚ್ಚನ್ನು ತೊಳೆದು ಅರ್ಧ ಗಂಟೆ ನೆನೆಸಿರಿ. 8 ಬಟ್ಟಲು ನೀರು ಕುದಿಸಿ, ಉಪ್ಪು ಹಾಕಿ, ನುಚ್ಚು ಸುರಿದು ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಿರಿ. ತಳ ಹಿಡಿಯದಂತೆ ಆಗಾಗ ಕೈಯಾಡಿಸಿರಿ. ಮಜ್ಜಿಗೆಯ ಬದಲು ತೊಗರಿಬೇಳೆಯ ತಿಳಿ ಸಾರು ಹಾಕಿ ಬಿಸಿಯಾಗಿ ಉಣಿಸಿರಿ. ಸಾರಿನ ಒಗ್ಗರಣೆಗೆ ಇಂಗಿನ ಬದಲು ಬೆಳ್ಳುಳ್ಳಿ ಜಜ್ಜಿ ಹಾಕಿರಿ.

ನವಣೆ ಖಿಚಡಿ: 1 ಬಟ್ಟಲು ನವಣೆ ಅಕ್ಕಿ, ಅರ್ಧ ಬಟ್ಟಲು ಹೆಸರುಬೇಳೆ, ಹೆಚ್ಚಿದ ಗಜ್ಜರಿ ಮತ್ತು ಕುಂಬಳಕಾಯಿ, ಅರಿಷಿಣ, ಉಪ್ಪು, 5 ಬಟ್ಟಲು ನೀರು. ಕುಕ್ಕರಿನಲ್ಲಿ 3-4 ಸೀಟಿ ಕೂಗಿಸಿರಿ. ಎಣ್ಣೆಯಲ್ಲಿ ಜೀರಿಗೆ, ಹಸಿಶುಂಠಿ, ಕರಿಬೇವಿನ ಒಗ್ಗರಣೆ ಕೊಡಿರಿ. ಮೈಯಲ್ಲಿ ಹುಷಾರಿಲ್ಲದ ದಿನ ಮಗು ಇಷ್ಟಪಟ್ಟು ಉಣ್ಣುವ ಊಟವಿದು.

ಬದನೆಕಾಯಿ ಎಣ್ಣೆಗಾಯಿ, ರೊಟ್ಟಿ: ಶೇಂಗಾ ಮತ್ತು ಎಳ್ಳಿನ ಪುಡಿಯ ಬದಲು ಅರ್ಧ ಬಟ್ಟಲು ಒಣಕೊಬ್ಬರಿಯನ್ನು ಹುರಿದುಕೊಳ್ಳಿರಿ. ಅದಕ್ಕೆ 2 ಹುರಿದ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಜೀರಿಗೆ, ಖಾರದ ಪುಡಿ, ಹುಣಸೆಹಣ್ಣು, ಬೆಲ್ಲ, ಉಪ್ಪು ಸೇರಿಸಿ ಅರೆಯಿರಿ. 8 ಎಳೆಯ ಬದನೆಕಾಯಿಗಳನ್ನು ಸೀಳಿ ತುಂಬಿ, ಎಣ್ಣೆಯಲ್ಲಿ ಮುಚ್ಚಿ ಬೇಯಿಸಿರಿ. ಉಳ್ಳಾಗಡ್ಡಿ ಮತ್ತು ಕೊಬ್ಬರಿಯಿಂದಲೇ ರಸ ಗಟ್ಟಿಯಾಗುತ್ತದೆ. ಜೋಳದ ರೊಟ್ಟಿಯನ್ನು ಬಡಿಯುವಾಗ ಗೋಧಿ ಹಿಟ್ಟು ಬೆರೆಸಬೇಡಿರಿ.

ರಾಗಿ ಅಂಬಲಿ: 4 ಚಮಚ ರಾಗಿ ಹಿಟ್ಟನ್ನು ಒಂದು ಬಟ್ಟಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ 3 ಬಟ್ಟಲು ನೀರಿಗೆ ಹಾಕಿ 8-10 ನಿಮಿಷ ಕುದಿಸಿರಿ. ಆರಿದ ಮೇಲೆ ಉಪ್ಪು, ಜೀರಿಗೆ ಪುಡಿ, ಲಿಂಬೆರಸ ಬೆರೆಸಿರಿ. ಮಜ್ಜಿಗೆಯ ಹುಳಿಯನ್ನು ಲಿಂಬೆ ತುಂಬಿಕೊಡುತ್ತದೆ. ಮಾದಾರ ಚೆನ್ನಯ್ಯನ ಅಂಬಲಿಯನ್ನು ಸಾಕ್ಷಾತ್ ಶಿವನೇ ಉಂಡನೆಂಬ ಕಥೆಯನ್ನು ಮಗುವಿಗೆ ಹೇಳುತ್ತ ಕುಡಿಸಿರಿ. ಬಟ್ಟಲು ಬರಿದಾಗುತ್ತದೆ.

ಹಾಲು ಬಿಟ್ಟ ಮಗುವಿನ ಪೋಷಣೆ

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ನುಗ್ಗೆಸೊಪ್ಪು, ರಾಜಗಿರಿ ಸೊಪ್ಪು ಕೂಡ ಒಳ್ಳೆಯವು. ಬೇಳೆ-ಕಾಳುಗಳಿಂದ ಪ್ರೋಟೀನು ಸಿಗುತ್ತದೆ. ಆದರೆ ಬಿ-12 ಜೀವಸತ್ವದ ವಿಷಯ ಬೇರೆ. ನಮ್ಮಂತಹ ಶಾಕಾಹಾರಿಗಳಿಗೆ ಅದು ಮುಖ್ಯವಾಗಿ ಹಾಲು-ಮೊಸರಿನಿಂದಲೇ ದೊರೆಯುತ್ತದೆ. ಹಾಲನ್ನೂ ಬಿಟ್ಟ ಮೇಲೆ ಸೊಪ್ಪು-ಕಾಳುಗಳಿಂದ ಆ ಕೊರತೆ ತುಂಬುವುದಿಲ್ಲ. ವೈದ್ಯರು ಬರೆದುಕೊಟ್ಟ ಬಿ-12 ಔಷಧಿಯನ್ನು ತಪ್ಪಿಸಬಾರದು. ತಿಂಗಳಿಗೊಮ್ಮೆ ಮಗುವಿನ ತೂಕ ನೋಡಿಸಿರಿ.

ಹಾಲು ಮತ್ತು ಗೋಧಿಯ ಅಲರ್ಜಿ ಅನೇಕ ಮಕ್ಕಳಲ್ಲಿ ಬೆಳೆಯುತ್ತ ಹೋದಂತೆ ಕಡಿಮೆಯಾಗುತ್ತದೆ. ಶೇಂಗಾ, ಎಳ್ಳಿನದು ಅಷ್ಟು ಸುಲಭವಾಗಿ ಹೋಗುವುದಿಲ್ಲ. ಹೋಗಿದೆಯೋ ಇಲ್ಲವೋ ಎಂದು ಮನೆಯಲ್ಲಿ ತಿನ್ನಿಸಿ ನೋಡಬೇಡಿರಿ. ಆ ಪರೀಕ್ಷೆಯನ್ನು ಆಸ್ಪತ್ರೆಯಲ್ಲಿ, ವೈದ್ಯರ ಎದುರಿನಲ್ಲೇ ಮಾಡಿಸಬೇಕು.

ಅಪಾಯದ ಲಕ್ಷಣಗಳು

ತಿಂದ ಕೆಲವೇ ನಿಮಿಷಗಳಿಂದ ಎರಡು ಗಂಟೆಯೊಳಗೆ ಮೈಮೇಲೆ ಗಂಧೆ ಏಳುವುದು, ತುಟಿ-ನಾಲಿಗೆ ಬಾಯುವುದು, ದನಿ ಕಟ್ಟುವುದು, ಉಸಿರಾಟಕ್ಕೆ ತೊಂದರೆ, ಮೇಲಿಂದ ಮೇಲೆ ವಾಂತಿ, ತಲೆ ತಿರುಗಿ ಬೀಳುವುದು ಕಾಣಿಸಬಹುದು. ಉಸಿರು ಕಟ್ಟಿದರೆ ಅಥವಾ ಮಗು ಬಾಡಿ ಬಿದ್ದರೆ ಕ್ಷಣವೂ ತಡಮಾಡಬೇಡಿರಿ. ವೈದ್ಯರು ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟು ಕಲಿಸಿದ್ದರೆ ತೊಡೆಯ ಹೊರಭಾಗಕ್ಕೆ ಕೂಡಲೇ ಹಾಕಿ 108ಕ್ಕೆ ಕರೆ ಮಾಡಿರಿ. ಮಗುವನ್ನು ಮಲಗಿಸಿ ಕಾಲು ಎತ್ತರಿಸಿರಿ. ಉಸಿರಾಟಕ್ಕೆ ಕಷ್ಟವಿದ್ದರೆ ಕೂಡಿಸಿರಿ, ಆದರೆ ನಡೆಸಬೇಡಿರಿ. ಅಲರ್ಜಿಯ ಗುಳಿಗೆ ಕೊಟ್ಟು ಕಾಯುತ್ತ ಕೂಡುವುದು, ಅರಿಷಿಣ ಹಚ್ಚುವುದು, ದೃಷ್ಟಿ ತೆಗೆಯುವುದು ಇವುಗಳಲ್ಲಿ ಅಮೂಲ್ಯ ಸಮಯ ಕಳೆದುಹೋಗುತ್ತದೆ. ಮಗು ಚೇತರಿಸಿಕೊಂಡರೂ ಆಸ್ಪತ್ರೆಗೆ ಕರೆತನ್ನಿರಿ, ಕೆಲವು ಗಂಟೆಗಳ ಬಳಿಕ ಲಕ್ಷಣಗಳು ಮರುಕಳಿಸಬಹುದು.

ಪ್ರಸಾದದ ವಿಷಯ

ಜಾತ್ರೆಯಲ್ಲಿ, ದಾಸೋಹದಲ್ಲಿ ಹಿರಿಯರು ಹೇಳುವ ಮಾತೊಂದಿದೆ: “ಪ್ರಸಾದದಿಂದ ಏನೂ ಆಗಂಗಿಲ್ಲ, ಒಂದು ತುತ್ತು ಕೊಡವಾ.” ಅವರ ಭಕ್ತಿ ದೊಡ್ಡದು. ಆದರೆ ಪಾಯಸದಲ್ಲಿರುವ ಹಾಲು ಹಾಲೇ, ಉಂಡಿಯಲ್ಲಿರುವ ಶೇಂಗಾ ಶೇಂಗಾವೇ. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಮನೆಯ ಇತರರು ಸ್ವೀಕರಿಸಲಿ, ಮಗುವಿಗೆ ಬಾಳೆಹಣ್ಣನ್ನೋ ಕಲ್ಲುಸಕ್ಕರೆಯನ್ನೋ ಕೇಳಿ ಪಡೆಯಿರಿ. ದಾಸೋಹದ ಅಡುಗೆಯವರಿಗೆ ಮೊದಲೇ ತಿಳಿಸಲು ಸಂಕೋಚಪಡಬೇಡಿರಿ.

ಲಿಂಗಕ್ಕೆ ಅರ್ಪಿತವಾದುದೆಲ್ಲ ಪ್ರಸಾದವೆಂದು ಶರಣರು ತೋರಿಸಿಕೊಟ್ಟಿದ್ದಾರೆ. ಮನೆಯ ನುಚ್ಚನ್ನೋ ಅಂಬಲಿಯನ್ನೋ ಲಿಂಗಕ್ಕೆ ಅರ್ಪಿಸಿ ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಉಂಡರೆ, ಆ ಮಗು ಪ್ರಸಾದದಿಂದ ದೂರ ಉಳಿಯುವುದಿಲ್ಲ. ಪಂಕ್ತಿಯಿಂದಲೂ ದೂರ ಉಳಿಯುವುದಿಲ್ಲ.