ಆ ಮೇಲ್ ತೆರೆದು ಓದು, ಮಗೂ

ವಿದೇಶಿ ವಿದ್ಯಾರ್ಥಿಗಳ ಲೆಕ್ಕವಿಡುವ ಸೆವಿಸ್‌ನಲ್ಲಿ ನಿನ್ನ ದಾಖಲೆ ‘ಟರ್ಮಿನೇಟ್’ ಆಗಿದೆ ಎಂದು ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿನಿಂದ ಮೇಲ್ ಬಂದಿದ್ದರೆ ನಿನ್ನ ಎದೆ ಹೇಗೆ ಹೊಡೆದುಕೊಂಡಿರುತ್ತದೆ ಎಂದು ನನಗೆ ಗೊತ್ತು. ಅಮೆರಿಕಕ್ಕೆ ಬಂದು ನೆಲೆಸಿದ ಇಷ್ಟು ವರ್ಷಗಳಲ್ಲಿ, ಕನ್ನಡ ಕೂಟದ ಊಟದ ಸಾಲಿನಲ್ಲಿ, ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ, ನಿನ್ನಂಥ ಮಕ್ಕಳು ಪಕ್ಕಕ್ಕೆ ಕರೆದು ಮೆಲ್ಲಗೆ ಈ ವಿಷಯ ಎತ್ತಿದ್ದಾರೆ. ಅವರಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ. ತಪ್ಪಿದ ಎಫ್-1, ಅಂದರೆ ವಿದ್ಯಾರ್ಥಿ ಸ್ಟೇಟಸ್ಸನ್ನು ಮರಳಿ ಕೇಳುವುದಕ್ಕೆ ಈ ದೇಶದ ಕಾನೂನಿನಲ್ಲೇ ಒಂದು ದಾರಿ ಇದೆ. ರೀಇನ್‌ಸ್ಟೇಟ್‌ಮೆಂಟ್ ಅನ್ನುತ್ತಾರೆ. ಆದರೆ ಅದಕ್ಕೆ ಗಡುವಿದೆ. ಸ್ಟೇಟಸ್ ತಪ್ಪಿದ ದಿನದಿಂದ 5 ತಿಂಗಳ ಒಳಗೆ ಅರ್ಜಿ ಸಲ್ಲಬೇಕು. ಅದು ಮೀರಿದರೆ, ಯಾವ ಅಸಾಧಾರಣ ಕಾರಣಕ್ಕೆ ತಡವಾಯಿತು, ಆ ಸ್ಥಿತಿಯಲ್ಲೂ ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ಹೇಗೆ ಅರ್ಜಿ ಹಾಕಿದೆ ಎಂದು ರುಜುವಾತು ಮಾಡಬೇಕು. 350 ಡಾಲರಿನ ಸೆವಿಸ್ ಶುಲ್ಕವನ್ನೂ ಮತ್ತೆ ಕಟ್ಟಬೇಕು.

ನಾನು ನೋಡಿದ ಮಟ್ಟಿಗೆ, ಮಕ್ಕಳನ್ನು ಮುಳುಗಿಸುವುದು ಮೊದಲ ತಪ್ಪಿಗಿಂತ ಹೆಚ್ಚಾಗಿ ಅದನ್ನು ಬಚ್ಚಿಟ್ಟುಕೊಂಡು ಕಳೆದ ತಿಂಗಳುಗಳು. ಹಾಸನದ ಕಡೆಯ ಒಬ್ಬ ಹುಡುಗಿ, ಎಂ.ಎಸ್. ಓದುತ್ತಿದ್ದಳು. ಮೂರು ಕೋರ್ಸ್, 9 ಕ್ರೆಡಿಟ್. ಸೆಮಿಸ್ಟರ್ ಅರ್ಧಕ್ಕೆ ಬರುವಷ್ಟರಲ್ಲಿ ನಿದ್ದೆ ಹೋಯಿತು, ಊಟ ಸೇರದಾಯಿತು, ಕ್ಲಾಸಿಗೆ ಹೊರಟರೆ ಕೈಕಾಲು ನಡುಗುವುದು. ಡ್ರಾಪ್ ಮಾಡಲು ಕೊನೆಯ ದಿನದ ರಾತ್ರಿ, ಲ್ಯಾಪ್‌ಟಾಪಿನಲ್ಲಿ ಒಂದು ಗುಂಡಿ ಒತ್ತಿ ಒಂದು ಕೋರ್ಸ್ ಬಿಟ್ಟಳು. ಯಾರನ್ನೂ ಕೇಳಲಿಲ್ಲ. ಪೂರ್ಣಾವಧಿ ಓದಿಗೆ ಬೇಕಾದ 9 ಇದ್ದದ್ದು 6 ಆಯಿತು. ಆಮೇಲೆ ಬಂದ ಮೇಲ್‌ಗಳನ್ನು ತೆರೆಯಲು ಧೈರ್ಯ ಸಾಲದೆ ಹಾಗೇ ಬಿಟ್ಟಿದ್ದಳು. ನನ್ನ ಪಕ್ಕದಲ್ಲಿ ಕೂತು ಫೋನ್ ತೆರೆದಾಗ ಇಂಟರ್‌ನ್ಯಾಷನಲ್ ಆಫೀಸಿನ ಮೇಲ್‌ಗಳು ಸಾಲಾಗಿ ದಪ್ಪಕ್ಷರದಲ್ಲೇ ಇದ್ದವು, ಒಂದನ್ನೂ ಓದಿರಲಿಲ್ಲ. ಮೊದಲನೆಯದರಲ್ಲಿ ಇದ್ದದ್ದು ಇಷ್ಟೇ: ‘ಕ್ರೆಡಿಟ್ ಕಡಿಮೆಯಾಗಿದೆ, ದಯವಿಟ್ಟು ಬಂದು ನೋಡಿ.’

ಕೋರ್ಸ್ ಬಿಡುವ ಮೊದಲೇ ಆ ಆಫೀಸಿಗೆ ಹೋಗಿದ್ದರೆ ಬಹುಶಃ ದಾಖಲೆ ಟರ್ಮಿನೇಟ್ ಆಗುತ್ತಲೇ ಇರಲಿಲ್ಲ. ಕಾಯಿಲೆಯ ಕಾರಣಕ್ಕೆ ಕೋರ್ಸ್ ಕಡಿಮೆ ಮಾಡಿಕೊಳ್ಳಲು ಡಿಎಸ್‌ಓ, ಅಂದರೆ ನಿನ್ನ ವಿದ್ಯಾರ್ಥಿ ಅರ್ಹತೆಯ ಐ-20 ಪತ್ರಕ್ಕೆ ಸಹಿ ಹಾಕುವ ಅಧಿಕಾರಿ, ಅನುಮತಿ ಕೊಡಬಲ್ಲರು. ಡಾಕ್ಟರ ಪತ್ರ ಬೇಕು; ಮನಸ್ಸಿನ ಕಾಯಿಲೆಯಾದರೆ ಲೈಸೆನ್ಸ್ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಬರೆದ ಪತ್ರವೂ ನಡೆಯುತ್ತದೆ. ಒಂದು ಡಿಗ್ರಿಯ ಅವಧಿಯಲ್ಲಿ ಒಟ್ಟು 12 ತಿಂಗಳವರೆಗೆ ಹೀಗೆ ಅವಕಾಶವಿದೆ. ಬಂದ ಹೊಸದರಲ್ಲಿ ಇಂಗ್ಲಿಷಿನ ಓದು ಭಾರವಾದರೆ, ಇಲ್ಲಿ ಪಾಠ ಮಾಡುವ ರೀತಿ ಹಿಡಿಯದೆ ಹೋದರೆ, ಅದಕ್ಕೂ ಒಂದು ಸಲ ರಿಯಾಯಿತಿ ಉಂಟು. ಷರತ್ತು ಒಂದೇ, ಕೇಳಿ ಬಿಡಬೇಕು, ಬಿಟ್ಟು ಕೇಳಬಾರದು. ಬಿಟ್ಟ ಮೇಲೆ ಕೇಳಿದ ಆ ಹುಡುಗಿಯ ಕೈಯನ್ನು ಕೊನೆಗೆ ಹಿಡಿದದ್ದೂ ಕಾಯಿಲೆಯ ಈ ರಿಯಾಯಿತಿಯೇ: ಮೊದಲೇ ಕೇಳಿದ್ದರೆ ಡಿಎಸ್‌ಓ ಕೊಡಬಹುದಾಗಿದ್ದ ಅನುಮತಿ ಅದಾಗಿತ್ತು, ಸ್ಟೇಟಸ್ ಮರಳದಿದ್ದರೆ ಅವಳ ಓದೇ ಮುರಿದುಬೀಳುತ್ತಿತ್ತು. ಗಡುವಿಗೆ ಕೆಲವೇ ವಾರ ಉಳಿದಿರುವಾಗ ಅರ್ಜಿ ಹೋಯಿತು, ತಿಂಗಳುಗಟ್ಟಲೆ ಕಾದ ಮೇಲೆ ಮಂಜೂರಾಯಿತು.

ಎಲ್ಲ ತಪ್ಪಿಗೂ ಹೀಗೆ ಕ್ಷಮೆ ಸಿಗುವುದಿಲ್ಲ, ಇದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಅನುಮತಿಯಿಲ್ಲದೆ ಕೆಲಸ ಮಾಡಿದ್ದರೆ ರೀಇನ್‌ಸ್ಟೇಟ್‌ಮೆಂಟ್ ಇಲ್ಲ. ಪೆಟ್ರೋಲ್ ಬಂಕಿನಲ್ಲಿ ರಾತ್ರಿ ಪಾಳಿ, ನಮ್ಮವರದೇ ಹೋಟೆಲಿನಲ್ಲಿ ಕೈಗೆ ನಗದು, ಗೆಳೆಯನ ಹೆಸರಿನ ಆ್ಯಪಿನಲ್ಲಿ ಡೆಲಿವರಿ, ಇವೆಲ್ಲ ಕೆಲಸವೇ. ಬಾಡಿಗೆಗೆ ಸಾಲದೆ ಮಾಡಿದೆ ಎನ್ನುತ್ತೀಯ, ನನಗೆ ಅರ್ಥವಾಗುತ್ತದೆ, ಆದರೆ ಕಾನೂನು ಆ ಕಾರಣ ಕೇಳುವುದಿಲ್ಲ. ಕ್ಲಾಸ್ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ, ಅಷ್ಟೇ. ಪದೇ ಪದೇ ಅಥವಾ ಬೇಕೆಂದೇ ನಿಯಮ ಮುರಿದವರಿಗೂ ಈ ದಾರಿ ಇಲ್ಲ. ಕಾಯಿಲೆ, ಅಪಘಾತ, ಕಾಲೇಜು ಮುಚ್ಚಿದ್ದು, ಪ್ರಕೃತಿ ವಿಕೋಪ, ಡಿಎಸ್‌ಓ ಕಡೆಯ ಅಚಾತುರ್ಯ, ಹೀಗೆ ನಿನ್ನ ಕೈಮೀರಿದ ಕಾರಣಕ್ಕೆ ತಪ್ಪಿದ್ದರೆ, ಇಲ್ಲವೇ ಆ ಹುಡುಗಿಯಂತೆ ಅನುಮತಿ ಸಿಗಬಹುದಾಗಿದ್ದ ಕೋರ್ಸ್ ಬಿಟ್ಟು ತಪ್ಪಿದ್ದರೆ ಮಾತ್ರ ಕೇಳುವವರಿದ್ದಾರೆ. ಓದನ್ನು ಪೂರ್ಣಾವಧಿಯಲ್ಲಿ ಮುಂದುವರಿಸುವ ಉದ್ದೇಶವೂ ಕಾಣಬೇಕು.

ಈ ಹೊತ್ತಿನಲ್ಲೇ ನಿನ್ನ ಸುತ್ತ ಸಲಹೆಗಾರರು ಹುಟ್ಟಿಕೊಳ್ಳುತ್ತಾರೆ. ‘ಬೇರೆ ಕಾಲೇಜಿಗೆ ಟ್ರಾನ್ಸ್‌ಫರ್ ಆಗಿಬಿಡು, ಕ್ಲಾಸಿಗೇ ಹೋಗಬೇಕಿಲ್ಲ, ಮೊದಲ ದಿನದಿಂದಲೇ ಕೆಲಸ’ ಅನ್ನುತ್ತಾರೆ. ಟ್ರಾನ್ಸ್‌ಫರ್ ಆದ ಮಾತ್ರಕ್ಕೆ ಸತ್ತ ದಾಖಲೆ ಬದುಕುವುದಿಲ್ಲ. ಹೊಸ ಕಾಲೇಜು ಕೂಡ ರೀಇನ್‌ಸ್ಟೇಟ್‌ಮೆಂಟಿಗೇ ಶಿಫಾರಸು ಮಾಡಬೇಕು. 2011ರಲ್ಲಿ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ಯೂನಿವರ್ಸಿಟಿಯ ಮೇಲೆ ದಾಳಿಯಾದಾಗ ಅಲ್ಲಿದ್ದವರಲ್ಲಿ ಹೆಚ್ಚಿನವರು ಭಾರತದ ಮಕ್ಕಳು. ಕೆಲವರ ಕಾಲಿಗೆ ನಿಗಾ ಇಡುವ ರೇಡಿಯೋ ಪಟ್ಟಿ ಕಟ್ಟಿದ್ದರು. ಮಿಷಿಗನ್‌ನ ಫಾರ್ಮಿಂಗ್‌ಟನ್ ಯೂನಿವರ್ಸಿಟಿಯಂತೂ ಸರ್ಕಾರದ ಏಜೆಂಟರೇ ಬಲೆಯಾಗಿ ನಡೆಸುತ್ತಿದ್ದ ಸಂಸ್ಥೆ. ಪಾಠವಿಲ್ಲ, ಮೇಷ್ಟರಿಲ್ಲ, ಹೆಸರು ನೋಂದಾಯಿಸಿದವರು ಸುಮಾರು 600. 2019ರ ಜನವರಿಯಲ್ಲಿ ಅದು ಬಯಲಾದಾಗ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತಲಿಲ್ಲ. ಕ್ಲಾಸ್ ಇಲ್ಲದ ಕಾಲೇಜು ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬಾ.

ಹಾಗಾಗಿ ಮೊದಲು ಡಿಎಸ್‌ಓ ಹತ್ತಿರ ಹೋಗು, ಆಮೇಲೆ ವಲಸೆ ಕಾನೂನು ಮಾಡುವ ವಕೀಲರ ಹತ್ತಿರ. ಕೆಲವು ಯೂನಿವರ್ಸಿಟಿಗಳಲ್ಲಿ ವಿದ್ಯಾರ್ಥಿಗಳಿಗಾಗಿಯೇ ಉಚಿತ ಕಾನೂನು ಸಲಹೆ ಇರುತ್ತದೆ, ವಿಚಾರಿಸು. 2025ರ ಏಪ್ರಿಲ್‌ನಲ್ಲಿ ಸಾವಿರಾರು ಮಕ್ಕಳ ದಾಖಲೆಗಳನ್ನು ಸರ್ಕಾರವೇ ಏಕಾಏಕಿ ಟರ್ಮಿನೇಟ್ ಮಾಡಿ, ಕೋರ್ಟುಗಳಲ್ಲಿ ಮೊಕದ್ದಮೆ ಬಿದ್ದ ಮೇಲೆ ಮರಳಿ ಚಾಲೂ ಮಾಡಿತು. ನಿನ್ನದು ಅಂಥ ಪ್ರಕರಣವೋ, ನೀನೇ ಎಡವಿದ್ದೋ ಎಂದು ಬಿಡಿಸಿ ಹೇಳುವುದಕ್ಕೂ ತಿಳಿದವರು ಬೇಕು. ಡಿಎಸ್‌ಓ ಒಪ್ಪಿದರೆ ಶಿಫಾರಸಿನ ಹೊಸ ಐ-20 ಕೊಡುತ್ತಾರೆ. ಅದರ ಜೊತೆ ಐ-539 ಅರ್ಜಿ ವಲಸೆ ಇಲಾಖೆಗೆ ಹೋಗುತ್ತದೆ.

ಅರ್ಜಿಯ ಜೀವ ಇರುವುದು ನೀನು ಬರೆಯುವ ಪತ್ರದಲ್ಲಿ. ‘ಆರೋಗ್ಯ ಸರಿಯಿರಲಿಲ್ಲ’ ಎಂದು ಬರೆದರೆ ಓದುವ ಅಧಿಕಾರಿಗೆ ಏನೂ ತಿಳಿಯುವುದಿಲ್ಲ. ಯಾವ ತಾರೀಖಿನಿಂದ ಕಾಯಿಲೆ, ಯಾವತ್ತು ಕೌನ್ಸೆಲಿಂಗ್ ಸೆಂಟರಿಗೆ ಹೋದೆ, ಯಾವತ್ತು ಕೋರ್ಸ್ ಬಿಟ್ಟೆ, ತಪ್ಪಾಗಿದೆ ಎಂದು ಯಾವಾಗ ಗೊತ್ತಾಯಿತು, ಗೊತ್ತಾದ ಮೇಲೆ ಏನು ಮಾಡಿದೆ, ಇಷ್ಟನ್ನು ಸಾಲಾಗಿ ಬರೆ. ಒಂದೊಂದು ತಾರೀಖಿನ ಹಿಂದೆಯೂ ಒಂದು ಕಾಗದ ಇರಲಿ. ಸುಳ್ಳು ಒಂದಕ್ಷರವೂ ಬೇಡ. ಅದು ಸಿಕ್ಕಿಬಿದ್ದರೆ ಜೀವನಪರ್ಯಂತ ವೀಸಾ ಅರ್ಜಿಗಳ ಬೆನ್ನು ಹತ್ತುತ್ತದೆ.

ತೀರ್ಮಾನ ಬರುವವರೆಗೆ ಕ್ಲಾಸು ತಪ್ಪಿಸಬೇಡ, ಕ್ಯಾಂಪಸ್ಸಿನ ಲೈಬ್ರರಿಯ ಕೆಲಸವನ್ನೂ ಮಾಡಬೇಡ, ದೇಶ ಬಿಟ್ಟು ಹೊರಡಬೇಡ; ಹೊರಟರೆ ಅರ್ಜಿ ಕೈಬಿಟ್ಟಂತೆ. ಅರ್ಜಿ ತಿರಸ್ಕಾರವಾದರೆ ಮೇಲ್ಮನವಿ ಇಲ್ಲ, ಮರುಪರಿಶೀಲನೆ ಕೇಳಬಹುದು ಅಷ್ಟೇ. ಮರುದಿನದಿಂದಲೇ ಅಕ್ರಮ ವಾಸದ ಲೆಕ್ಕ ಶುರುವಾಗುತ್ತದೆ. 180 ದಿನ ದಾಟಿ ಹೋದರೆ 3 ವರ್ಷ, ಒಂದು ವರ್ಷ ಮುಟ್ಟಿದರೆ 10 ವರ್ಷ ಮರಳಿ ಬರುವಂತಿಲ್ಲ. ಆ ಮಟ್ಟಕ್ಕೆ ಹೋಗಲು ಬಿಡಬೇಡ. ಇನ್ನೊಂದು ದಾರಿಯೂ ಇದೆ: ಹೊಸ ಐ-20 ತೆಗೆದುಕೊಂಡು, ಸೆವಿಸ್ ಶುಲ್ಕ ಮತ್ತೆ ಕಟ್ಟಿ, ಊರಿಗೆ ಹೋಗಿ ಹೊಸದಾಗಿ ಬರುವುದು. ಓದಿಗೆ ಸಂಬಂಧಿಸಿದ ಕೆಲಸದ ಅನುಮತಿಯಾದ ಓಪಿಟಿಗೆ ಬೇಕಾದ ಒಂದು ವರ್ಷದ ಲೆಕ್ಕ ಮೊದಲಿನಿಂದ ಶುರುವಾಗುತ್ತದೆ, ವೀಸಾ ಅಧಿಕಾರಿಯ ಮುಂದೆ ನಡೆದದ್ದನ್ನು ನಡೆದಂತೆ ಹೇಳಬೇಕಾಗುತ್ತದೆ. ಕೆಲವರಿಗೆ ಇದೇ ಮೇಲು. ಯಾವುದು ನಿನಗೆ ಸರಿ ಎಂದು ವಕೀಲರ ಜೊತೆ ಕೂತು ತೀರ್ಮಾನಿಸು.

ಮನೆಯಲ್ಲಿ ಹೇಗೆ ಹೇಳಲಿ ಎಂದು ಎಲ್ಲರೂ ಕೊನೆಗೆ ಕೇಳುತ್ತಾರೆ. ತೋಟದ ಮೇಲೆ ಸಾಲ ತೆಗೆದು ಕಳಿಸಿದ ಅಪ್ಪ, ಬಳೆ ಬಿಚ್ಚಿಕೊಟ್ಟ ಅಮ್ಮ, ಅವರ ಮುಖ ನೆನಪಾಗಿಯೇ ಬಾಯಿ ಕಟ್ಟುತ್ತದೆ. ಆದರೆ ಓದಿನ ಖರ್ಚಿಗೆ ಹಣವಿದೆ ಎಂದು ಈ ಅರ್ಜಿಯಲ್ಲಿ ತೋರಿಸಬೇಕು. ಬ್ಯಾಂಕಿನ ಪತ್ರವನ್ನೂ ಸಹಿಯನ್ನೂ ಅಪ್ಪನಿಂದಲೇ ತರಿಸಬೇಕಾಗುತ್ತದೆ. ಅವರಿಗೆ ತಿಳಿಯದಂತೆ ಇದು ಮುಗಿಯುವ ಕೆಲಸವಲ್ಲ. ಈಗಲೇ ಡಿಎಸ್‌ಓಗೆ ಮೇಲ್ ಹಾಕಿ ಭೇಟಿಗೆ ಸಮಯ ಕೇಳು. ಸಮಯ ಗೊತ್ತಾದ ಮೇಲೆ, ಅಲ್ಲಿ ಬೆಳಗಾಗಿ ಅಪ್ಪನ ಕಾಫಿ ಮುಗಿದಿರುವ ಹೊತ್ತು ನೋಡಿ ಫೋನ್ ಮಾಡು. ‘ಹೀಗಾಗಿದೆ, ಇಂಥ ದಿನ ಆಫೀಸಿಗೆ ಹೋಗುತ್ತಿದ್ದೇನೆ, ನಿಮ್ಮಿಂದ ಇಂಥ ಕಾಗದ ಬೇಕು’ ಎಂದು ಹೇಳು.