ಅಮೆರಿಕಾದ ಮೂಲನಿವಾಸಿಗಳ ಭಾವಚಿತ್ರಗಳೂ ಅವರ ಮಾತುಗಳೂ

ನಮ್ಮ ಕಛೇರಿಯ ಬೀರುವಿನಲ್ಲಿ ಹಳೆಯ ಛಾಯಾಚಿತ್ರಗಳನ್ನು ಅಂಟಿಸಿರುವ ಒಂದು ದಪ್ಪನಾದ ಪುಸ್ತಕವುಂಟು. ಈ ಸಂಚಿಕೆಗೆ ಚಿತ್ರಗಳನ್ನು ಆಯ್ದುಕೊಳ್ಳುವ ಸಲುವಾಗಿ ಅದನ್ನು ತೆಗೆದು ನೋಡುತ್ತಿರಲು, ಒಂದು ಹಾಳೆಯಲ್ಲಿ ಅಕ್ಕಪಕ್ಕದಲ್ಲಿದ್ದ ಎರಡು ಚಿತ್ರಗಳು ನಮ್ಮ ಕೈಯನ್ನು ತಡೆದುವು. ಮೊದಲನೆಯದರಲ್ಲಿ ಏಳು ಮಂದಿ ಹೆಣ್ಣುಮಕ್ಕಳು ಕೆದರಿದ ತಲೆಯಲ್ಲಿ, ಮಾಸಿದ ಬಟ್ಟೆಯಲ್ಲಿ, ನೆಲದ ಮೇಲೆ ಕುಳಿತಿರುವರು. ಎರಡನೆಯದರಲ್ಲಿ ಅದೇ ಏಳು ಮಂದಿ ಎಣ್ಣೆ ಹಚ್ಚಿ ಬಾಚಿದ ತಲೆಯಲ್ಲಿ, ಬಿಳಿಯ ರವಿಕೆ ಸೀರೆಗಳಲ್ಲಿ, ಕೈಯಲ್ಲಿ ಪುಸ್ತಕ ಹಿಡಿದು ನಿಂತಿರುವರು. ಕೆಳಗೆ ಬರೆದಿರುವುದು ಎರಡೇ ಮಾತು: ‘ಬಂದಾಗ’, ‘ಈಗ’. ಏಳು ಮಂದಿಯಲ್ಲಿ ಒಬ್ಬಳ ಹೆಸರೂ ಇಲ್ಲ, ವರುಷವೂ ಇಲ್ಲ.

ಆಗ ನಮ್ಮ ಮನಸ್ಸಿಗೆ ತೋರಿದುದನ್ನು ಮುಚ್ಚಿಡಲಾರೆವು. ಆ ಚಿತ್ರಗಳನ್ನು ತೆಗೆಸಿದವರು ಒಳ್ಳೆಯವರು. ಅಂಥವರು ಕಲಿಸಿದ ಅಕ್ಷರದಿಂದಲೇ ನಾವು ಇದನ್ನು ಬರೆಯುತ್ತಿರುವೆವು. ಆದರೂ ಏಳು ಮಕ್ಕಳನ್ನು ಕಂಡ ಕಂಡವರ ಮುಂದೆ ತೋರಿಸುವಾಗ ಅವರ ಹೆಸರನ್ನು ಕೇಳಿ ಬರೆದಿಡಬೇಕೆಂದು ಒಬ್ಬರಿಗೂ ತೋರದೆ ಹೋದುದೇಕೆ? ಅದೇ ವಾರದಲ್ಲಿ ಹತ್ತನೆಯ ತರಗತಿಗೆ ಅಮೆರಿಕಾ ಖಂಡದ ಮೂಲನಿವಾಸಿಗಳ ವಿಷಯವಾಗಿ ಪಾಠ ಹೇಳಬೇಕಾಗಿದ್ದಿತು. ನಾವು ಬಾಲ್ಯದಲ್ಲಿ ಓದಿದ ವಾಚಕದಲ್ಲಿ ಇವರಿಗೆ ‘ಕೆಂಪು ಇಂಡಿಯನ್ನರು’ ಎಂಬ ಹೆಸರಿದ್ದಿತು. ಅದರೊಳಗಿನ ‘ಇಂಡಿಯನ್ನರು’ ಎಂಬುದು ದಾರಿ ತಪ್ಪಿದ ಒಬ್ಬ ನಾವಿಕನು ಇಟ್ಟ ಹೆಸರು. ಪಠ್ಯಪುಸ್ತಕವನ್ನು ಬದಿಗಿಟ್ಟು, ಆ ಜನರ ಭಾವಚಿತ್ರಗಳನ್ನು ತೆಗೆದವರ ಚರಿತ್ರೆಯನ್ನೇ ಪಾಠವಾಗಿ ಮಾಡಿದೆವು. ಅದನ್ನು ಹಳೆಯ ವಿದ್ಯಾರ್ಥಿನಿಯರಿಗಾಗಿಯೂ ತಾಯಿತಂದೆಗಳಿಗಾಗಿಯೂ ಸ್ವಲ್ಪ ಬೆಳೆಸಿ ಇಲ್ಲಿ ಬರೆದಿರುವೆವು.

ಹೀಗೆ ಜೋಡಿ ಚಿತ್ರಗಳನ್ನು ತೆಗೆಸುವ ಪದ್ಧತಿಯು ಬಹು ಪ್ರಸಿದ್ಧವಾದುದು ಅಮೆರಿಕಾ ಸಂಯುಕ್ತ ಸಂಸ್ಥಾನದ ಪೆನ್ಸಿಲ್ವೇನಿಯಾ ಪ್ರಾಂತದ ಕಾರ್ಲೈಲ್ ಎಂಬ ಊರಿನಲ್ಲಿ. ಅಲ್ಲಿ 1879ರಲ್ಲಿ ರಿಚರ್ಡ್ ಹೆನ್ರಿ ಪ್ರಾಟ್ ಎಂಬ ಸೇನಾಧಿಕಾರಿಯು ಮೂಲನಿವಾಸಿಗಳ ಮಕ್ಕಳಿಗಾಗಿ ಒಂದು ವಸತಿಶಾಲೆಯನ್ನು ತೆರೆದನು. ಅವರೊಳಗಿನ ಇಂಡಿಯನ್ನನನ್ನು ಕೊಂದರೆ ಮನುಷ್ಯನು ಉಳಿಯುವನೆಂಬುದು ಆತನ ಮತ. ಮಕ್ಕಳು ಬಹು ದೂರದಲ್ಲಿರುವ ತಮ್ಮ ಜನರನ್ನು ಅಗಲಿ ಬರುವರು. ಬಂದೊಡನೆ ಅವರ ಉದ್ದ ಕೂದಲನ್ನು ಕತ್ತರಿಸುವರು, ಬಟ್ಟೆಯನ್ನು ಬದಲಿಸುವರು, ಇಂಗ್ಲಿಷ್ ಹೆಸರನ್ನಿಡುವರು. ತಾಯಿನುಡಿಯಲ್ಲಿ ಮಾತನಾಡಿದರೆ ಶಿಕ್ಷೆ. ಜಾನ್ ಚೋಟ್ ಎಂಬ ಛಾಯಾಗ್ರಾಹಕನು ಬಂದಾಗೊಂದು, ಕೆಲವು ಕಾಲದ ಮೇಲೆ ಮತ್ತೊಂದು ಚಿತ್ರವನ್ನು ತೆಗೆಯುವನು. ನವಾಹೊ ಕುಲದ ಟಾಮ್ ಟಾರ್ಲಿನೊ ಎಂಬ ತರುಣನ ಚಿತ್ರಗಳನ್ನು ಇಂದಿಗೂ ಎಲ್ಲೆಡೆ ತೋರಿಸುವರು. 1882ರಲ್ಲಿ ಉದ್ದ ಕೂದಲು, ಕಿವಿಯಲ್ಲಿ ಒಂಟಿ, ಕೊರಳಲ್ಲಿ ಹಾರ. ಮೂರು ವರುಷಗಳ ಮೇಲೆ ಕೋಟು, ಕಾಲರು, ಬಾಚಿದ ಕ್ರಾಪು. ಎರಡನೆಯ ಚಿತ್ರದಲ್ಲಿ ಅವನ ಮುಖದ ಬಣ್ಣವೂ ತಿಳಿಯಾಗಿ ಕಾಣುವುದು. ಅದು ವಿದ್ಯೆಯ ಫಲವಲ್ಲ, ಬೆಳಕಿನ ಫಲ. ಇಂಥ ಚಿತ್ರಗಳು ದಾನಿಗಳ ಕೈಗೂ ಅಧಿಕಾರಿಗಳ ಕೈಗೂ ಹೋಗಿ ಶಾಲೆಗೆ ಹಣವನ್ನು ತಂದುವು. ಕಾರ್ಲೈಲಿನ ಶಾಲೆಯು 1918ರಲ್ಲಿ ಮುಚ್ಚಿತು. ಇಂಥ ಶಾಲೆಗಳಲ್ಲಿ ಮಡಿದ ಮಕ್ಕಳ ಗೋರಿಗಳನ್ನು ಎಣಿಸಿದ ಮೇಲೆ, 2024ರ ಅಕ್ಟೋಬರಿನಲ್ಲಿ ಆ ದೇಶದ ಅಧ್ಯಕ್ಷರು ಮೂಲನಿವಾಸಿಗಳ ಕ್ಷಮೆಯನ್ನು ಬೇಡಿದರು.

ಶಾಲೆಯು ಗರಿಯನ್ನು ಕಿತ್ತು ಚಿತ್ರ ತೆಗೆಯಿತು; ಇನ್ನೊಬ್ಬನು ಗರಿಯನ್ನು ಸಿಕ್ಕಿಸಿ ಚಿತ್ರ ತೆಗೆದನು. ಆತನೇ ಸಿಯಾಟಲ್ ಪಟ್ಟಣದ ಎಡ್ವರ್ಡ್ ಕರ್ಟಿಸ್ (1868–1952). ಆ ಪಟ್ಟಣಕ್ಕೆ ಆ ಹೆಸರು ಬಂದುದು ಸಿಯಾಟಲ್ ಎಂಬ ಮೂಲನಿವಾಸಿ ನಾಯಕನಿಂದ. 1855ರ ಒಪ್ಪಂದದ ಪ್ರಕಾರ ಆತನ ಜನರು ಊರನ್ನು ಬಿಟ್ಟು ಸರಕಾರವು ಗೊತ್ತುಮಾಡಿದ ಮೀಸಲು ನೆಲಗಳಿಗೆ ಹೋಗಬೇಕಾಯಿತು. ಆತನ ಮಗಳು, ಬಿಳಿಯರು ಏಂಜಲೀನ್ ಎಂದು ಕರೆಯುತ್ತಿದ್ದ ಮುದುಕಿಯು ಮಾತ್ರ ಹೋಗಲೊಲ್ಲದೆ, ತಂದೆಯ ಹೆಸರಿನ ಊರಿನಲ್ಲಿಯೇ ಕಡಲ ದಂಡೆಯ ಗುಡಿಸಿಲಿನಲ್ಲಿದ್ದು, ಜನರ ಬಟ್ಟೆ ಒಗೆದು, ಮಳಲಿನಿಂದ ಕಪ್ಪೆಚಿಪ್ಪುಗಳನ್ನು ಅಗೆದು ಜೀವಿಸುತ್ತಿದ್ದಳು. ಕರ್ಟಿಸನು 1896ರ ಸುಮಾರಿಗೆ ಆಕೆಗೆ ಚಿತ್ರಕ್ಕೊಂದು ಡಾಲರಿನಂತೆ ಕೊಟ್ಟು ಭಾವಚಿತ್ರಗಳನ್ನು ತೆಗೆದನು. ಚಿಪ್ಪು ಅಗೆಯುವುದಕ್ಕಿಂತ ಇದೇ ಲೇಸೆಂದು ಆಕೆಯು ತಿಳಿಸಿದಳೆಂದು ಆತನೇ ಹೇಳಿರುವನು. ಸುಕ್ಕುಗಟ್ಟಿದ ಆ ಮುಖವೂ ತಲೆಗೆ ಕಟ್ಟಿದ ಚೌಕವೂ ಊರುಗೋಲೂ ನಮ್ಮ ಹುಡುಗಿಯರನ್ನು ಬಹಳ ಹೊತ್ತು ಮೌನವಾಗಿರಿಸಿದುವು.

ಅಲ್ಲಿಂದ ಮೊದಲಾದ ಕೆಲಸವು ಮುವ್ವತ್ತು ವರುಷಗಳಿಗೂ ಮೇಲ್ಪಟ್ಟು ನಡೆಯಿತು. 1906ರಲ್ಲಿ ಜೆ. ಪಿ. ಮಾರ್ಗನ್ ಎಂಬ ಧನಿಕನು ಐದು ವರುಷಗಳಿಗೆಂದು 75,000 ಡಾಲರುಗಳನ್ನು ಕೊಡಲೊಪ್ಪಿದನು. ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟರು ಮುನ್ನುಡಿ ಬರೆದರು. 1907ರಲ್ಲಿ ಮೊದಲನೆಯ ಸಂಪುಟವೂ 1930ರಲ್ಲಿ ಇಪ್ಪತ್ತನೆಯ ಸಂಪುಟವೂ ಹೊರಬಿದ್ದುವು. ಎಂಬತ್ತಕ್ಕೂ ಹೆಚ್ಚು ಕುಲಗಳು, ಸುಮಾರು 40,000 ಚಿತ್ರಗಳು. ಕರ್ಟಿಸನು ಕೇವಲ ಮುಖಗಳನ್ನು ಹಿಡಿದವನಲ್ಲ. ಕಥೆಗಳನ್ನೂ ಶಬ್ದಗಳನ್ನೂ ಬರೆಯಿಸಿಕೊಂಡನು, ಮೇಣದ ಉರುಳೆಗಳ ಮೇಲೆ ಹಾಡುಗಳನ್ನು ತುಂಬಿಸಿದನು. ಇಷ್ಟನ್ನು ಮಾಡುವಷ್ಟರಲ್ಲಿ ಹಣವೂ ಸಂಸಾರವೂ ಆರೋಗ್ಯವೂ ಕೆಟ್ಟುವು. ಅಂಥವನನ್ನು ಹಗುರವಾಗಿ ಆಡಿಕೊಳ್ಳುವುದು ಸಲ್ಲದು.

ಆದರೆ ಆತನು ತನ್ನ ಮನಸ್ಸಿನಲ್ಲಿ ಒಂದನ್ನು ಮೊದಲೇ ನಿಶ್ಚಯಿಸಿಕೊಂಡಿದ್ದನು: ಈ ಜನಾಂಗವು ಅಳಿದುಹೋಗುತ್ತಲಿದೆ ಎಂದು. ಆತನ ಪ್ರಸಿದ್ಧ ಚಿತ್ರವೊಂದರ ಹೆಸರೇ ‘ಮರೆಯಾಗುತ್ತಿರುವ ಜನಾಂಗ’; ಅದರಲ್ಲಿ ನವಾಹೊ ಸವಾರರು ಬೆನ್ನು ತೋರಿಸಿ ಕತ್ತಲೆಯೊಳಕ್ಕೆ ಹೋಗುತ್ತಿರುವರು. ಈ ಭಯಕ್ಕೆ ಕಾರಣವಿಲ್ಲದೆ ಇರಲಿಲ್ಲ. 1900ರ ಜನಗಣತಿಯಲ್ಲಿ ಅವರ ಸಂಖ್ಯೆ ಸುಮಾರು 2,37,000ಕ್ಕೆ ಇಳಿದಿದ್ದಿತು. ಆದರೆ ಅಳಿಯುವವರೆಂದು ಒಮ್ಮೆ ನಂಬಿದ ಮೇಲೆ, ಅವರು ಬದುಕುತ್ತಿರುವ ಗುರುತುಗಳು ಕಣ್ಣಿಗೆ ಅಡ್ಡಿಯಾಗತೊಡಗುವುವು. 1910ರ ಒಂದು ಚಿತ್ರದಲ್ಲಿ ಪೀಗನ್ ಕುಲದ ಇಬ್ಬರು ಗಂಡಸರು ತಮ್ಮ ಗುಡಾರದೊಳಗೆ ಕುಳಿತಿರುವರು; ನಡುವೆ ಒಂದು ಗಡಿಯಾರವಿರುವುದು. ಗಾಜಿನ ಮೂಲಪ್ರತಿಯಲ್ಲಿ ಅದು ಚೆನ್ನಾಗಿ ಕಾಣುವುದು. ಪುಸ್ತಕದಲ್ಲಿ ಅಚ್ಚಾದ ಚಿತ್ರದಲ್ಲಿ ಗಡಿಯಾರವಿಲ್ಲ. ಅದನ್ನು ಜಾಣತನದಿಂದ ಅಳಿಸಿಬಿಟ್ಟಿರುವರು.

ಎರಡು ಚಿತ್ರಗಳನ್ನೂ ತರಗತಿಯಲ್ಲಿ ತೋರಿಸಿ, “ಏಕೆ ಅಳಿಸಿದರು?” ಎಂದು ಕೇಳಿದೆವು. ಹಿಂದಿನ ಬೆಂಚಿನಿಂದ ಒಬ್ಬಳು, “ಗಡಿಯಾರವಿದ್ದರೆ ಏನು ಮಿಸ್ ತಪ್ಪು? ನಮ್ಮ ಅಜ್ಜಿ ಒರಳುಕಲ್ಲಿನ ಪಕ್ಕದಲ್ಲೇ ಮೊಬೈಲು ಇಟ್ಟುಕೊಳ್ಳುತ್ತಾರೆ” ಎಂದಳು. ತರಗತಿಯೆಲ್ಲ ನಕ್ಕಿತು. ನಾವು ಬೇರೆ ವಿವರಣೆಯನ್ನು ಕೊಡಲಿಲ್ಲ.

ಈ ಎರಡು ಬಗೆಯ ಚಿತ್ರಗಳ ನಡುವೆ ಸಿಕ್ಕಿದ ಒಬ್ಬನುಂಟು. ಕ್ರೋ ಕುಲದ ಅಲೆಕ್ಸಾಂಡರ್ ಅಪ್‌ಶಾ ಎಂಬುವನು ಕಾರ್ಲೈಲಿನಲ್ಲಿ ಓದಿ, ಕೂದಲು ಕತ್ತರಿಸಿಕೊಂಡು, ಕೋಟು ತೊಟ್ಟು ಹೊರಬಂದವನು. ಮುಂದೆ ಅವನು ಕರ್ಟಿಸನ ದುಭಾಷಿಯಾದನು. ಹಳ್ಳಿಯ ಹಿರಿಯರ ಬಾಯಿ ತೆರೆಯುವಂತೆ ಮಾಡಿದವನು ಅವನೇ. ಕರ್ಟಿಸನು ತೆಗೆದ ಅವನ ಭಾವಚಿತ್ರದಲ್ಲಾದರೋ ಕೋಟಿಲ್ಲ. ಬರಿಯ ಎದೆ, ತಲೆಯ ಮೇಲೆ ಗರಿಗಳ ಕಿರೀಟ. ಶಾಲೆಗೆ ಬೇಕಾಗಿದ್ದವನು ಒಬ್ಬ ಅಪ್‌ಶಾ, ಪುಸ್ತಕಕ್ಕೆ ಬೇಕಾಗಿದ್ದವನು ಇನ್ನೊಬ್ಬ. ಎರಡು ಭಾಷೆಗಳಲ್ಲಿ ಸಮರ್ಥನಾಗಿ, ತನ್ನ ಜನರ ಭೂಮಿಯ ಸಲುವಾಗಿ ವಾದಿಸುತ್ತಿದ್ದ ನಿಜವಾದ ಅಪ್‌ಶಾ 1909ರಲ್ಲಿ, ಇನ್ನೂ ಹರೆಯದಲ್ಲಿಯೇ, ತೀರಿಕೊಂಡನು.

ಚಿತ್ರಕ್ಕಾದುದು ಮಾತಿಗೂ ಆಯಿತು. 1876ರಲ್ಲಿ ಲಿಟಲ್ ಬಿಗ್‌ಹಾರ್ನ್ ಎಂಬ ಹೊಳೆಯ ಬಳಿ ಸೂ ಮತ್ತು ಶಯೆನ್ ಯೋಧರು ಕಸ್ಟರ್ ಎಂಬ ಸೇನಾನಿಯನ್ನೂ ಆತನ ಜೊತೆಯ ತುಕಡಿಯನ್ನೂ ನಾಶಮಾಡಿದರು. ಕಸ್ಟರನು ಬಿಳಿಯರ ಪಾಲಿಗೆ ವೀರಪುರುಷನಾದನು. ಆತನಿಗೆ ದಾರಿ ತೋರಿಸಿದ್ದ ಕ್ರೋ ಕುಲದ ಮೂವರು ಚಾರರು ಕರ್ಟಿಸನನ್ನು ಆ ರಣಭೂಮಿಗೆ ಕರೆದೊಯ್ದು, ಅಪ್‌ಶಾನ ಬಾಯಿಂದ ತಾವು ಕಂಡುದನ್ನು ಹೇಳಿಸಿದರು. ತನ್ನದೇ ಸೈನ್ಯದ ಒಂದು ಭಾಗವು ಕೆಳಗೆ ಸೋಲುತ್ತಿರುವುದನ್ನು ಕಸ್ಟರನು ದಿಬ್ಬದ ಮೇಲಿಂದ ನೋಡುತ್ತ ನಿಂತಿದ್ದನು, ನೆರವಿಗೆ ಹೋಗಲಿಲ್ಲ ಎಂಬುದು ಅವರ ಸಾಕ್ಷ್ಯ. ಕರ್ಟಿಸನು ರೂಸ್‌ವೆಲ್ಟರಿಗೆ ಬರೆದು ಕೇಳಿದನು. ಇಷ್ಟು ವರುಷಗಳ ಮೇಲಣ ನೆನಪನ್ನು ನಂಬುವುದು ಅಪಾಯವೆಂದು ಉತ್ತರ ಬಂದಿತು. ಚಾರರ ಭಾವಚಿತ್ರಗಳು ಅಚ್ಚಾದುವು; ಆ ಮಾತು ಆತನ ಪುಸ್ತಕದಲ್ಲಿ ಅಚ್ಚಾಗಲಿಲ್ಲ. ಗಡಿಯಾರಕ್ಕಿಂತಲೂ ಇದೇ ನಮಗೆ ದೊಡ್ಡ ಲೋಪವಾಗಿ ತೋರುವುದು. ಮುದುಕರ ಮುಖದ ಸುಕ್ಕುಗಳು ಸುಂದರವೆಂದು ಒಪ್ಪಿ, ಆ ಸುಕ್ಕುಗಳುಳ್ಳವರ ಸಾಕ್ಷ್ಯವು ಮಾತ್ರ ಬೇಡವೆಂದರೆ ಏನು ನ್ಯಾಯ?

ನಮ್ಮ ದೇಶದ ಮಾತನ್ನೂ ಇಲ್ಲಿ ಹೇಳಬೇಕು. 1868ರಿಂದ 1875ರ ವರೆಗೆ ಫೋರ್ಬ್ಸ್ ವಾಟ್ಸನ್, ಜಾನ್ ಕೇ ಎಂಬ ಇಬ್ಬರು ಬ್ರಿಟಿಷರು ‘ಭಾರತದ ಜನರು’ ಎಂಬರ್ಥದ ಹೆಸರಿನಿಂದ ಎಂಟು ಸಂಪುಟಗಳಷ್ಟು ಛಾಯಾಚಿತ್ರಗಳನ್ನು ಹೊರತಂದರು. 1909ರಲ್ಲಿ ಥರ್ಸ್ಟನ್ ಮತ್ತು ರಂಗಾಚಾರಿಯವರ ಏಳು ಸಂಪುಟಗಳು ದಕ್ಷಿಣದ ಜಾತಿ ಬುಡಕಟ್ಟುಗಳನ್ನು ವರ್ಣಿಸಿದುವು. ಅವುಗಳಲ್ಲಿ ನಮ್ಮ ಕುರುಬರೂ ಸೋಲಿಗರೂ ಇರುವರು. ಥರ್ಸ್ಟನ್ನರು ಜನರ ಮೂಗು ತಲೆಗಳನ್ನು ಅಳತೆಗೋಲಿನಿಂದ ಅಳೆದವರು. ಇಂಥ ಚಿತ್ರಗಳ ಕೆಳಗೆ ಸಾಮಾನ್ಯವಾಗಿ ಕಾಣುವುದು ಕುಲದ ಹೆಸರೇ ಹೊರತು ಮನುಷ್ಯನ ಹೆಸರಲ್ಲ. 1869ರಲ್ಲಿ ಸರ್ ಸಯ್ಯದ್ ಅಹಮದ್ ಖಾನರು ಮಕ್ಕಳೊಡನೆ ಲಂಡನ್ನಿಗೆ ಹೋಗಿದ್ದಾಗ, ಅಲ್ಲಿಯ ಇಂಡಿಯಾ ಕಛೇರಿಯಲ್ಲಿ ಭಾರತೀಯರ ಚಿತ್ರಗಳ ಇಂಥದೊಂದು ಪುಸ್ತಕವನ್ನು ನೋಡಿದರು. ನೋಡುತ್ತಿರುವಾಗಲೇ ಒಬ್ಬ ತರುಣ ಆಂಗ್ಲನು ಬಂದು, ನೀನೂ ಹಿಂದೂಸ್ಥಾನದವನೋ ಎಂದು ಅವರ ಮಗ ಮಹಮೂದನನ್ನು ಕೇಳಿದನು. ಹುಡುಗನ ಮುಖವು ಕೆಂಪಾಗಿ, ಹೌದು, ಆದರೆ ತನ್ನ ಪೂರ್ವಿಕರು ಬೇರೆ ದೇಶದಿಂದ ಬಂದವರು ಎಂದು ತಪ್ಪಿಸಿಕೊಳ್ಳಬೇಕಾಯಿತು. ತನ್ನ ನಾಡಿನ ಚಿತ್ರವನ್ನು ನೋಡಿ ಮಗನು ನಾಚುವಂತಾದರೆ, ಆ ಚಿತ್ರವು ಯಾರಿಗಾಗಿ ತೆಗೆದುದೆಂದು ಊಹಿಸಬಹುದು.

ಇನ್ನು ಈ ಕಾಲದ ಮಾತು. ಸಿಯಾಟಲಿನ ಜನರನ್ನು ಹೊರಡಿಸಿದ ಅದೇ 1855ರ ಒಪ್ಪಂದದಿಂದ ಏರ್ಪಟ್ಟ ಮೀಸಲು ನೆಲಗಳಲ್ಲಿ ಟುಲಾಲಿಪ್, ಸ್ವಿನೊಮಿಷ್ ಎಂಬುವು ಎರಡು. ಆ ಜನರ ಮಗಳು ಮಟೀಕಾ ವಿಲ್ಬರ್. ಇವರು ನಮ್ಮಂತೆಯೇ ಉಪಾಧ್ಯಾಯಿನಿ. ಟುಲಾಲಿಪಿನ ಪ್ರೌಢಶಾಲೆಯಲ್ಲಿ ಕಲಿಸುತ್ತಿದ್ದರು. ತಮ್ಮ ವಿದ್ಯಾರ್ಥಿಗಳಿಗೆ ತೋರಿಸಲು ಮೂಲನಿವಾಸಿಗಳ ಚಿತ್ರಗಳನ್ನು ಹುಡುಕಿದರೆ ಸಿಕ್ಕುತ್ತಿದ್ದುದು ನೂರು ವರುಷದ ಹಿಂದಿನ ಗರಿ ತೊಗಲುಗಳ ಚಿತ್ರಗಳೇ. ಅವುಗಳಲ್ಲಿ ಆ ಮಕ್ಕಳಿಗೆ ತಮ್ಮ ಮುಖವು ಕಾಣಲಿಲ್ಲ. 2012ರಲ್ಲಿ ಇವರು ಮನೆಯ ಸಾಮಾನುಗಳನ್ನು ಮಾರಿ, ಸರಕಾರವು ಆಗ ಅಂಗೀಕರಿಸಿದ್ದ 562ಕ್ಕೂ ಹೆಚ್ಚು ಮೂಲನಿವಾಸಿ ಕುಲಗಳ ನಾಡುಗಳನ್ನೆಲ್ಲ ಕಾಣುವೆನೆಂದು ಹೊರಟರು. ಆ ಸಂಖ್ಯೆಯೇ ಅವರ ಕೆಲಸಕ್ಕೆ ಹೆಸರಾಯಿತು. ಹತ್ತು ವರುಷ ತಿರುಗಿ ತೆಗೆದ ಚಿತ್ರಗಳೂ ಕೇಳಿದ ಕಥೆಗಳೂ 2023ರಲ್ಲಿ ಪುಸ್ತಕವಾಗಿ ಬಂದುವು.

ಇವರ ಕ್ರಮವನ್ನು ಪಾಠ ಹೇಳುವವರೆಲ್ಲರೂ ಗಮನಿಸಬೇಕು. ಒಂದು ಊರಿಗೆ ಹೋದರೆ ಕ್ಯಾಮರಾವನ್ನು ಮೊದಲು ತೆಗೆಯುವುದಿಲ್ಲ. ಕಾಣಿಕೆ ಕೊಡುವರು, ಉಣ್ಣುವರು, ಹಿರಿಯರ ಮಾತನ್ನು ಕೇಳುವರು. ಎಲ್ಲಿ ನಿಲ್ಲಬೇಕು, ಏನನ್ನು ಉಡಬೇಕು ಎಂಬುದು ಚಿತ್ರಕ್ಕೆ ನಿಲ್ಲುವವರ ಇಷ್ಟ. ಹೀಗೆ ವಕೀಲರೂ ಉಪಾಧ್ಯಾಯರೂ ಮೀನುಗಾರರೂ ಕಾಲೇಜಿನ ಹುಡುಗಿಯರೂ, ಕೆಲವರು ಕುಲದ ಉಡುಪಿನಲ್ಲಿ, ಕೆಲವರು ದಿನದ ಬಟ್ಟೆಯಲ್ಲಿ, ತಮ್ಮ ಹೆಸರು, ಕುಲದ ಹೆಸರುಗಳೊಡನೆ ತಮ್ಮ ಮಾತನ್ನು ತಾವೇ ಹೇಳುತ್ತ ನಿಂತಿರುವರು. ಇಲ್ಲಿಯೂ ಗರಿ ಮಣಿಗಳು ಇಲ್ಲದಿಲ್ಲ. ತೊಟ್ಟವರೇ ಆರಿಸಿ ತೊಟ್ಟರೆಂಬುದೇ ಭೇದ. ಅಳಿದುಹೋಗುವರೆಂದು ಕರ್ಟಿಸನು ಮರುಗಿದ ಜನರು, ಮಿಶ್ರ ಸಂತಾನದವರನ್ನೂ ಕೂಡಿಸಿ, 2020ರ ಜನಗಣತಿಯಲ್ಲಿ 97 ಲಕ್ಷ ಮಂದಿ. ಆತನು ತೆಗೆದ ಚಿತ್ರಗಳಲ್ಲಿ ಮುತ್ತಜ್ಜಿ ಮುತ್ತಜ್ಜಂದಿರನ್ನು ಗುರುತಿಸಿ ಹೆಸರು ಹೇಳುವವರೂ ಅವರಲ್ಲಿರುವರು. ಆತನ ದುಡಿಮೆ ವ್ಯರ್ಥವಾಗಲಿಲ್ಲ. ಆತನು ಎಣಿಸಿದವರಿಗಿಂತ ಬೇರೆಯವರಿಗೆ ಉಪಯೋಗವಾಯಿತು, ಅಷ್ಟೆ.

ಪಾಠವು ಮುಗಿದ ಮೇಲೆ ಮಕ್ಕಳಿಗೆ ಒಂದು ಕೆಲಸವನ್ನು ಕೊಟ್ಟೆವು: ಮನೆಯ ಹಿರಿಯರೊಬ್ಬರ ಭಾವಚಿತ್ರವನ್ನು ತೆಗೆದು, ಅವರು ಹೇಳಿದುದನ್ನು ಅವರ ಮಾತಿನಲ್ಲಿಯೇ ಒಂದು ಪುಟ ಬರೆದು ತರಬೇಕು, ಎಲ್ಲಿ ಕುಳಿತುಕೊಳ್ಳುವಿರಿ, ಯಾವ ಹೆಸರನ್ನು ಬರೆಯಲಿ ಎಂದು ಮೊದಲು ಕೇಳಬೇಕು. ನಲವತ್ತೊಂದು ಚಿತ್ರಗಳು ಬಂದುವು. ಅನೇಕ ಅಜ್ಜಿಯರು ಅಡಿಗೆಮನೆಯನ್ನು ಒಲ್ಲದೆ, ಹೊಸ ಸೀರೆಯುಟ್ಟು ಬಾಗಿಲ ಮುಂದೆ ಕುಳಿತಿರುವರು. ಬೆಟ್ಟದ ಮೇಲಿನ ಸೋಲಿಗರ ಪೋಡಿನಿಂದ ಬಂದು ನಮ್ಮ ವಸತಿಗೃಹದಲ್ಲಿ ಓದುತ್ತಿರುವ ಹುಡುಗಿಯೊಬ್ಬಳು ಮಾತ್ರ ಚಿತ್ರವಿಲ್ಲದೆ ನಾಲ್ಕು ಪುಟ ಬರೆದು ತಂದಳು. ಚಿತ್ರವೆಲ್ಲಿ ಎಂದು ಕೇಳಿದೆವು. “ಅಜ್ಜಿ ಬೇಡ ಅಂದರು ಮಿಸ್. ನನ್ನ ಮುಖವನ್ನು ಬಂದವರೆಲ್ಲ ಹಿಡಿದುಕೊಂಡು ಹೋಗಿದ್ದಾರೆ, ಮಾತನ್ನು ಯಾರೂ ಕೇಳಿಲ್ಲ, ನೀನು ಅದನ್ನು ಬರೆದುಕೋ ಅಂದರು” ಎಂದಳು. ಆಕೆಗೆ ಪೂರ್ಣ ಅಂಕಗಳನ್ನು ಕೊಟ್ಟೆವು. ನಾಲ್ಕು ಪುಟಗಳೂ ಕಾಡಿನ ಗೆಣಸುಗಳ ವಿಷಯ; ನಾವು ಹೆಸರನ್ನೂ ಕೇಳದಿದ್ದಷ್ಟು ಬಗೆಯವು.

ಬೀರುವಿನ ಆ ಎರಡು ಚಿತ್ರಗಳನ್ನು ಈ ಸಂಚಿಕೆಯಲ್ಲಿ ಅಚ್ಚು ಹಾಕಿಲ್ಲ. ಅವನ್ನು ಕಛೇರಿಯ ಮೇಜಿನ ಮೇಲೆ, ಪಕ್ಕದಲ್ಲೊಂದು ಸೀಸದಕಡ್ಡಿಯೊಡನೆ, ಇಟ್ಟಿರುವೆವು. ಕಳೆದ ತಿಂಗಳು ಬಂದಿದ್ದ ಇಬ್ಬರು ವಯಸ್ಸಾದ ಹಳೆಯ ವಿದ್ಯಾರ್ಥಿನಿಯರು ಕನ್ನಡಕವನ್ನು ಒರಸಿ ಒರಸಿ ನೋಡಿದರು. ಎಡಗಡೆಯಿಂದ ಮೂರನೆಯವಳು ತಮ್ಮ ದೊಡ್ಡಮ್ಮನೆಂದು ಒಬ್ಬರೂ, ಅಲ್ಲ, ತಮ್ಮ ತಾಯಿಯ ಜೊತೆಯಲ್ಲಿ ದಾದಿಯ ಕೆಲಸ ಕಲಿತವರೆಂದು ಇನ್ನೊಬ್ಬರೂ ಹೇಳಿದರು. ಒಬ್ಬರೂ ಬಿಟ್ಟುಕೊಡಲಿಲ್ಲ. ಹಿಂದುಗಡೆ ಎರಡು ಹೆಸರುಗಳನ್ನೂ ಬರೆದುಕೊಂಡಿರುವೆವು. ಉಳಿದ ಆರು ಮಂದಿಯನ್ನು ಬಲ್ಲವರು ಶಾಲೆಯ ವೇಳೆಯಲ್ಲಿ ಯಾವ ದಿನ ಬಂದರೂ ಆಗುವುದು.